ಗಾಜಿನಾಚೆಯ ಸಂಘಮಿತ್ರ

ಮೇಲಿನ ಗಾಜಿನ ಕೋಣೆಯಲ್ಲಿ ಸಂಘಮಿತ್ರ ನಕ್ಕಿದ್ದು ಪ್ರಸನ್ನನಿಗೆ ಕೇಳಿಸಲಿಲ್ಲ, ಕಾಣಿಸಿತು.

ಮೆಷಿನ್ನುಗಳ ಗದ್ದಲದಲ್ಲಿ ಪಕ್ಕದವರು ಕೂಗಿದರೂ ಕೇಳುವುದಿಲ್ಲ. ಆದರೆ ನಗು ಬಂದಾಗ ಅವಳು ಹೆಗಲನ್ನು ತುಸು ಮೇಲಕ್ಕೆತ್ತಿ, ಕೆಳತುಟಿಯನ್ನು ಹಲ್ಲಲ್ಲಿ ಹಿಡಿದು, ಅದು ಜೋರಾಗದಂತೆ ತಡೆಯುತ್ತಾಳೆ. ಆ ನಗು ತನ್ನೊಬ್ಬನಿಗೇ ಗೊತ್ತು ಎಂದುಕೊಂಡಿದ್ದ ಪ್ರಸನ್ನ. ಈಗ ಅವಳ ಪಕ್ಕದ ಕುರ್ಚಿಯಲ್ಲಿ ಅಮರೇಶ್ ಕೂತಿದ್ದ. ಇಬ್ಬರ ತಲೆಗಳೂ ಒಂದೇ ಪರದೆಯತ್ತ ಬಾಗಿದ್ದವು.

ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಬಸವರಾಜು ಅವರ ಟೂಲ್ ರೂಮಿಗೆ ಒಳ್ಳೆಯ ಹೆಸರಿತ್ತು. ಪ್ಲಾಸ್ಟಿಕ್ ಸಾಮಾನುಗಳ ಅಚ್ಚುಗಳು ಅಲ್ಲಿ ತಯಾರಾಗುತ್ತಿದ್ದವು. ಉಕ್ಕನ್ನು ಎಲ್ಲಿ, ಎಷ್ಟು, ಹೇಗೆ ಕೊರೆಯಬೇಕೆಂದು ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವವಳು ಸಂಘಮಿತ್ರ. ಆ ಪ್ರೋಗ್ರಾಂ ಹಾಕಿ ದೊಡ್ಡ ಮೆಷಿನ್ ಓಡಿಸುವವನು ಪ್ರಸನ್ನ.

ಮೊದಲೆಲ್ಲ ಹೊಸ ಪ್ರೋಗ್ರಾಂ ಬಂತೆಂದರೆ ಅವಳೇ ಕೆಳಗಿಳಿದು ಬರುತ್ತಿದ್ದಳು. ಬರೆದದ್ದರಲ್ಲಿ ಎಲ್ಲೋ ತಪ್ಪಿದ್ದು ಕೊರೆಯುವ ಟೂಲ್ ಹೋಗಿ, ಉಕ್ಕನ್ನು ಬಿಗಿದಿಟ್ಟ ಕ್ಲಾಂಪಿಗೆ ಗುದ್ದಿದರೆ ಎಂಬ ಭಯ. ಅವನ ಬೆರಳು ನಿಲ್ಲಿಸುವ ಗುಂಡಿಯ ಮೇಲೆ, ಅವಳ ಕಣ್ಣು ಅಂಕಿಗಳ ಮೇಲೆ. "ನಿಧಾನ ಪ್ರಸನ್ನ, ಇನ್ನೂ ನಿಧಾನ," ಅನ್ನುತ್ತಿದ್ದಳು ಉಸಿರು ಬಿಗಿಹಿಡಿದು. ಅವಳ ಜಡೆಯ ಮಲ್ಲಿಗೆ ಟೂಲ್ ತಣಿಸುವ ಕೂಲೆಂಟಿನ ವಾಸನೆಯನ್ನೂ ಮೀರಿ ಅವನ ಮೂಗಿಗೆ ತಾಗುತ್ತಿತ್ತು. ಬೇಕಾದ್ದಕ್ಕಿಂತ ನಿಧಾನವಾಗಿಯೇ ಓಡಿಸುತ್ತಿದ್ದ ಅವನು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಒಮ್ಮೆಯೂ ಅವಸರ ಮಾಡಿದವಳಲ್ಲ.

ಆಮೇಲೆ ಪ್ರೋಗ್ರಾಂ ಬರೆಯಲು ಅಮರೇಶ್ ಬಂದ, ಅವನ ಜೊತೆಗೆ ಹೊಸ ಸಾಫ್ಟ್‌ವೇರೂ ಬಂತು. ಮೆಷಿನ್, ಜಾಬ್ ಎನ್ನುವ ಉಕ್ಕಿನ ತುಂಡು, ಟೂಲ್, ಕ್ಲಾಂಪು ಎಲ್ಲವನ್ನೂ ಪರದೆಯ ಮೇಲೆ ಇಟ್ಟು, ಕೊರೆಯುವುದನ್ನು ಮೊದಲೇ ಅಲ್ಲಿ ಓಡಿಸಿ ನೋಡಬಹುದು. ಎಲ್ಲಾದರೂ ಗುದ್ದುವಂತಿದ್ದರೆ ಆ ಜಾಗ ಕೆಂಪಗಾಗುತ್ತದೆ. ಸಿಮ್ಯುಲೇಷನ್ ಎಂಬ ಈ ಪರೀಕ್ಷೆಯಲ್ಲಿ ಪಾಸಾದ ಪ್ರೋಗ್ರಾಂ ತಂತಿಯಲ್ಲೇ ಮೆಷಿನ್ನಿಗೆ ಬಂದುಬಿಡುತ್ತದೆ. ಸಂಘಮಿತ್ರ ಕೆಳಗಿಳಿಯುವುದೇ ನಿಂತುಹೋಯಿತು.

ಪ್ರಸನ್ನನಿಗೆ ಅಮರೇಶ್‌ನ ಮೇಲೆ ಎಷ್ಟು ಹೊಟ್ಟೆಕಿಚ್ಚೋ, ಆ ಪರದೆಯ ಮೇಲೂ ಅಷ್ಟೇ ಇತ್ತು. ಅವಳು ಅದನ್ನು ನೋಡುವ ರೀತಿ! ಕಣ್ಣು ಕಿರಿದು ಮಾಡಿಕೊಂಡು, ಕೈಮೇಲೆ ಗಲ್ಲವಿಟ್ಟುಕೊಂಡು... ಹಾಗೆ ಅವಳು ಅವನ ಮೆಷಿನ್ನನ್ನು ನೋಡುತ್ತಿದ್ದ ಕಾಲವೊಂದಿತ್ತು.

ಮೊನ್ನೆ ಸಂಜೆಯಂತೂ ಅವಳು ಅಮರೇಶ್‌ನ ಕಾರು ಹತ್ತಿದ್ದನ್ನೇ ಕಣ್ಣಾರೆ ಕಂಡಿದ್ದ.

"ಏನ್ರೀ ಪ್ರಸನ್ನ, ಮಾತೇ ಬಿಟ್ಬುಟ್ರಲ್ಲ?" ಮರುದಿನ ಗೇಟಿನಾಚೆಯ ಟೀ ಅಂಗಡಿಯಲ್ಲಿ ಅವಳೇ ಕೇಳಿದಳು.

"ಮಾತಾಡೋಕೆ ಮೇಲ್ಗಡೆ ಜನ ಇದ್ದಾರಲ್ಲ."

ಅವಳ ಹೆಗಲು ತುಸು ಮೇಲೆದ್ದಿತು. ನಗು ತಡೆಯುತ್ತಿದ್ದಳು. "ಎಲ್ಲೋ ಏನೋ ಸುಟ್ಟ ವಾಸ್ನೆ ಬರ್ತಿದೆಯಪ್ಪ."

"ನಂಗ್ಯಾಕ್ರೀ ಸುಡುತ್ತೆ? ನಾನೇನು ಅಮರೇಶ್ ಥರ ಯಾದವಗಿರಿ ಸಾಹುಕಾರನಾ? ನನ್ನ ಹತ್ರ ಕಾರಿದೆಯಾ?"

ನಗು ಅಲ್ಲೇ ನಿಂತಿತು. "ಬಸ್ ತಪ್ಪೋಗಿತ್ತು. ಊರಿಗೆ ಬಿಟ್ಟು ಬಂದ್ರು, ಅಷ್ಟೇ."

"ಯಾದವಗಿರಿಗೆ ಹೋಗೋರಿಗೆ ಇಲವಾಲ ದಾರೀಲಿ ಸಿಗುತ್ತಾ?"

ಸಂಘಮಿತ್ರ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಅರ್ಧ ಕುಡಿದ ಟೀ ಲೋಟವನ್ನು ಕಟ್ಟೆಯ ಮೇಲಿಟ್ಟು ನಡೆದುಬಿಟ್ಟಳು. ಹಿಂದಿರುಗಿ ನೋಡುತ್ತಾಳೆಂದು ಅವನು ಕಾದ. ಅವಳು ನೋಡಲಿಲ್ಲ.

ಆ ಶುಕ್ರವಾರ ದೊಡ್ಡದೊಂದು ಅಚ್ಚಿನ ಕೆಲಸ ಬಂತು. ಮೆಷಿನ್ನಿಗೆ ಬಂದ ಪ್ರೋಗ್ರಾಂ ಅಮರೇಶ್‌ನ ಹೆಸರಲ್ಲಿತ್ತು. ಪ್ರಸನ್ನ ಜಾಬನ್ನು ಪರೀಕ್ಷಿಸುತ್ತ ಬಂದವನು ಒಂದು ಕಡೆ ತಡೆದು ನಿಂತ. ಬೆಳಗಿನ ಶಿಫ್ಟಿನವರು ಗಿಡ್ಡ ಕ್ಲಾಂಪು ಸಿಗದೆ, ಒಂದು ಮೂಲೆಗೆ ಎತ್ತರದ ಕ್ಲಾಂಪು ಬಿಗಿದಿದ್ದರು. ಮೇಲಿನ ಪರದೆಗೆ ಅದು ಗೊತ್ತಿರುವ ಹಾಗಿಲ್ಲ. ಅದಕ್ಕೆ ಏನು ಹೇಳಿರುತ್ತಾರೋ ಅಷ್ಟೇ ಗೊತ್ತು.

ಫೋನೆತ್ತಿ ಹೇಳಬೇಕಿತ್ತು. ಎತ್ತಿಯೂ ಎತ್ತಿದ. ಅಷ್ಟರಲ್ಲಿ ಗಾಜಿನಾಚೆ ಅಮರೇಶ್ ಏನೋ ಹೇಳಿದ, ಸಂಘಮಿತ್ರ ತಲೆಯಾಡಿಸುತ್ತ ನಕ್ಕಳು.

ಪ್ರಸನ್ನ ಫೋನನ್ನು ಮೆಲ್ಲಗೆ ಕೆಳಗಿಟ್ಟ. ಎಲ್ಲ ಬಲ್ಲ ಪರದೆ ಅಲ್ಲವೇ, ಇದೂ ಗೊತ್ತಿರಲಿ. ಒಂದು ಸಲವಾದರೂ ಅಮರೇಶ್ ಅವಳೆದುರು ತಲೆ ತಗ್ಗಿಸಲಿ.

ಶುರುಮಾಡುವ ಗುಂಡಿ ಒತ್ತಿದ.

ಟೂಲ್ ಮೂಲೆಯತ್ತ ಸರಿಯತೊಡಗಿತು. ಬೇಡ ಅನಿಸಿತು. ನಿಲ್ಲಿಸುವ ಗುಂಡಿಗೆ ಕೈ ಹಾಕುವಷ್ಟರಲ್ಲಿ ಢಬ್ಬೆಂದು ಸದ್ದಾಯಿತು. ಟೂಲ್ ಚೂರುಚೂರಾಗಿ ಮೆಷಿನ್ನಿನ ಬಾಗಿಲಿಗೆ ಬಡಿಯಿತು. ಅಚ್ಚಿನ ಅಂಚಿನಲ್ಲಿ ಉದ್ದಕ್ಕೆ ಗೀರು ಬಿತ್ತು.

ಎಲ್ಲರಿಗಿಂತ ಮೊದಲು ಓಡಿಬಂದವಳು ಸಂಘಮಿತ್ರ. ಮೆಷಿನ್ ಕಡೆ ನೋಡಲೇ ಇಲ್ಲ, ಅವನ ಮುಖ, ಕೈ, ಕಣ್ಣು ನೋಡಿದಳು. ಆಮೇಲೆ ಗೋಡೆಗೆ ಒರಗಿದಳು.

"ಯಾರ್ದಮ್ಮ ಪ್ರೋಗ್ರಾಂ?" ಬಸವರಾಜು ಗದರಿದರು.

ಅಮರೇಶ್‌ನ ಬಾಯಿಂದ ಮಾತು ಬರುವುದನ್ನೇ ಪ್ರಸನ್ನ ಕಾಯುತ್ತಿದ್ದ.

"ನಂದು ಸರ್," ಅಂದಳು ಸಂಘಮಿತ್ರ. "ನನ್ನ ಸಿಸ್ಟಮ್ ಹ್ಯಾಂಗ್ ಆಗಿತ್ತು. ಅಮರೇಶ್ ಅವರ ಸಿಸ್ಟಮ್ಮಲ್ಲಿ ಮಾಡಿದ್ದು. ಸಿಮ್ಯುಲೇಷನ್ ಸರಿಯಾಗೇ ಬಂದಿತ್ತು."

"ಇಷ್ಟು ದೊಡ್ಡ ಕೆಲಸ ನಿನ್ನೊಬ್ಬಳ ಕೈಗೆ ಕೊಡಬೇಕಾ ಅಂತ ಎರಡು ಸಲ ಯೋಚ್ನೆ ಮಾಡಿದ್ದೆ ನಾನು. ಕೊಟ್ಟಿದ್ದೇ ತಪ್ಪಾಯ್ತು."

ಪ್ರಸನ್ನ ಮುಂದೆ ಬಂದ. "ಅವರ ತಪ್ಪಲ್ಲ ಸರ್. ಕ್ಲಾಂಪು ಬೇರೆ ಇದ್ದಿದ್ದು ನಾನು ನೋಡಿದ್ದೆ. ನೋಡಿಯೂ ಹೇಳ್ಲಿಲ್ಲ."

"ಯಾಕೋ?"

ಪ್ರಸನ್ನ ಬಗ್ಗಿ ಟೂಲಿನ ಚೂರುಗಳನ್ನು ಆಯತೊಡಗಿದ. ಬಸವರಾಜು ಅವನನ್ನು ಮೆಷಿನ್ನಿನಿಂದ ಇಳಿಸಿ, ಮೂಲೆಯ ಬೆಂಚಿನಲ್ಲಿ ಅರದಿಂದ ಉಕ್ಕು ಉಜ್ಜುವ ಕೆಲಸಕ್ಕೆ ಹಾಕಿದರು.

ಸಂಜೆ ಬಸ್‌ಸ್ಟಾಪಿನಲ್ಲಿ ಅವಳೇ ಎದುರಿಗೆ ಬಂದು ನಿಂತಳು. "ಅಮರೇಶ್ ಪ್ರೋಗ್ರಾಂ ಅಂದ್ಕೊಂಡೆ ಅಲ್ವಾ ನೀನು?"

ಇಷ್ಟು ದಿನದಲ್ಲಿ ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು. ಹೀಗೆ ಸಿಟ್ಟಿನಲ್ಲಿ ಸಿಗುತ್ತದೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ.

"ಹೌದು."

"ಚೂರು ಹಾರಿ ಕಣ್ಣಿಗೆ ಬಿದ್ದಿದ್ರೆ? ಹೋದ ವರ್ಷ ನಿನ್ನ ಇದೇ ಹುಬ್ಬು ಸೀಳಿದಾಗ ಪಕ್ಕದಲ್ಲಿ ನಿಂತಿದ್ದೋಳು ನಾನು. ನನ್ನ ದುಪಟ್ಟಾ ಒತ್ತಿ ಹಿಡ್ಕೊಂಡೇ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು. ಅವತ್ತೂ ನನ್ನ ಪ್ರೋಗ್ರಾಮೇ ತಪ್ಪಿತ್ತು." ಅವನ ಹುಬ್ಬಿನ ಮೇಲಿನ ಹಳೆಯ ಗಾಯದ ಗುರುತಿನತ್ತ ಬೆರಳು ತೋರಿಸಿದಳು. "ಇನ್ನೊಂದ್ಸಲ ಹಂಗಾಗಬಾರ್ದು ಅಂತಲೇ ಕಣೋ ನಾನು ಆ ಸಿಮ್ಯುಲೇಷನ್ ಕಲ್ತಿದ್ದು. ನೀನು ನೋಡಿದ್ರೆ..."

ಬಸ್ಸು ಬಂತು. ಅವಳು ಹತ್ತಿ ಹೋದಳು. ಅವನು ಅಲ್ಲೇ ನಿಂತಿದ್ದ.

ಮರುದಿನ ಊಟದ ಬಿಡುವಿನಲ್ಲಿ ಪ್ರಸನ್ನ ಕೈ ತೊಳೆದುಕೊಂಡು ಗಾಜಿನ ಬಾಗಿಲು ತಳ್ಳಿದ. "ನಂಗೂ ಇದನ್ನ ಕಲಿಸ್ತೀರಾ?"

ಅವಳು ಪರದೆಯತ್ತ ತಿರುಗಿದಳು. ಅಮರೇಶ್ ಎದ್ದು ಕುರ್ಚಿ ಈಚೆ ಎಳೆದ. "ಕೂತ್ಕೊಳ್ಳಿ ಪ್ರಸನ್ನ. ನಾನು ಊಟಕ್ಕೆ ಹೊರಟಿದ್ದೆ," ಎಂದು ಹೊರನಡೆದ. ಆ ಸೌಜನ್ಯಕ್ಕೂ ಪ್ರಸನ್ನನಿಗೆ ಸ್ವಲ್ಪ ಹೊಟ್ಟೆಯುರಿಯಿತು.

"ಇದು ಓಡ್ಸೋದು, ಇದು ನಿಲ್ಸೋದು," ಅಂದಳು ಸಂಘಮಿತ್ರ, ಪರದೆಯಿಂದ ಕಣ್ಣು ತೆಗೆಯದೆ. "ಈ ಪಟ್ಟಿ ಎಳೆದ್ರೆ ವೇಗ ಕಮ್ಮಿ. ಇದನ್ನ ಒತ್ತಿದ್ರೆ ಒಂದೊಂದೇ ಹೆಜ್ಜೆ ಮುಂದಕ್ಕೆ ಹೋಗುತ್ತೆ."

ಎತ್ತರದ ಕ್ಲಾಂಪನ್ನು ಅವಳು ಆಗಲೇ ಚಿತ್ರದಲ್ಲಿ ಸೇರಿಸಿದ್ದಳು. ಟೂಲ್ ನೀಲಿ ಉಕ್ಕನ್ನು ಪದರ ಪದರವಾಗಿ ಕೊರೆಯುತ್ತ ಬಂತು. ಆ ಮೂಲೆಗೆ ಬಂದದ್ದೇ ತಡ, ಎಲ್ಲ ನಿಂತು ಕ್ಲಾಂಪಿನ ತಲೆ ಕೆಂಪಗಾಯಿತು. ನಿನ್ನೆಯ ಸದ್ದು ಪ್ರಸನ್ನನ ಕಿವಿಯಲ್ಲಿ ಮತ್ತೆ ಕೇಳಿಸಿತು.

"ಗೊತ್ತಾಯ್ತಾ?"

"ಇಲ್ಲ. ಇನ್ನೊಂದ್ಸಲ."

ಅವಳು ಹಿಂದಕ್ಕೆ ತಂದು ಮತ್ತೆ ಓಡಿಸಿದಳು. "ಈಗ?"

"ಇನ್ನೂ ನಿಧಾನಕ್ಕೆ ತೋರ್ಸಿ."

"ಸುಳ್ಳ!" ಅವಳು ತಿರುಗಿದಳು. ಮುಖ ಇನ್ನೂ ಬಿಗಿದೇ ಇತ್ತು, ಕಣ್ಣು ಮಾತ್ರ ಮಾತು ಕೇಳದೆ ನಗುತ್ತಿತ್ತು.

ಪ್ರಸನ್ನ ತನ್ನ ಕೈಗಳನ್ನೇ ನೋಡಿಕೊಂಡ. "ಅವರು ನಿಮ್ಮನ್ನ ಏನಾದ್ರೂ ಕೇಳಿದ್ರಾ? ಕಾರಲ್ಲಿ?"

"ಕೇಳಿದ್ರು. ಮನೇಲಿ ಬಂದು ಮಾತಾಡ್ಲಾ ಅಂತ."

ಅವನು ತಲೆಯೆತ್ತಿದ. "ಏನಂದ್ರಿ?"

"ಕೆಳಗಡೆ ಒಬ್ಬ ಇದ್ದಾನೆ ಅಂದೆ." ಅವಳು ಕೀಬೋರ್ಡಿನ ಮೇಲೆ ಸುಮ್ಮನೆ ಬೆರಳಾಡಿಸಿದಳು. "ಆ ಒಬ್ಬ ಇನ್ನೂ ಬಾಯೇ ಬಿಟ್ಟಿಲ್ಲ ಅಂತ ಹೇಳೋಕೆ ನಾಚ್ಕೆ ಆಯ್ತು."

ಪ್ರಸನ್ನ ಕುರ್ಚಿಯನ್ನು ಅವಳತ್ತ ತಿರುಗಿಸಿದ. "ನೀವು ಮೇಲೆ ನಕ್ರೆ ನಂಗೆ ಕೆಳಗೆ ಕೆಲ್ಸ ಓಡಲ್ಲ ಸಂಘಮಿತ್ರ. ಬೇರೆ ಯಾರ ಜೊತೆಗೋ ನಕ್ರೆ ಉಸಿರೇ ಓಡಲ್ಲ. ನಿಮ್ಮನ್ನ ಮದ್ವೆ ಆಗ್ಬೇಕು ಅಂತ ಆಸೆ. ನಿನ್ನೆ ಮಾಡಿದ ಕೆಲಸಕ್ಕೆ ಅದನ್ನ ಕೇಳೋ ಮುಖ ಉಳಿದಿಲ್ಲ, ಆದ್ರೂ ಕೇಳ್ತಿದ್ದೀನಿ."

"ಮತ್ತೆ ನೀವು ಅನ್ನಬೇಡ," ಅಂದಳು ಅವಳು ಮೆಲ್ಲಗೆ. ಕೆಳತುಟಿ ಹಲ್ಲಿಗೆ ಸಿಕ್ಕಿತು. "ಹೊಟ್ಟೆ ಉರಿದ್ರೆ ನನ್ನ ಹತ್ರ ಬಂದು ಜಗಳ ಆಡು, ಎಷ್ಟಾದ್ರೂ ಆಡು. ಮೆಷಿನ್ ಹತ್ರ ಮಾತ್ರ ತೋರಿಸ್ಬೇಡ. ಭಾನುವಾರ ಅಪ್ಪ ಮನೇಲಿರ್ತಾರೆ."

ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪ್ರಸನ್ನ ಇಲವಾಲದಲ್ಲಿ ಬಸ್ಸಿಳಿದ. ಅವಳ ತಂದೆ ಸಣ್ಣಮಾದಯ್ಯ ಜಗುಲಿಯ ಮೇಲೆ ಕೂತಿದ್ದರು. ಅವನನ್ನು ಎದುರಿಗೆ ಕೂರಿಸಿಕೊಂಡು, ಊರು, ಮನೆ, ಸಂಬಳ ಎಲ್ಲ ವಿಚಾರಿಸಿದರು.

"ಎಲ್ಲ ಸರಿ ಕಣಪ್ಪ. ಗುಣ ಎಂಗೆ?"

ಪ್ರಸನ್ನ ಬಾಯಿ ತೆರೆಯುವ ಮೊದಲೇ ಬಾಗಿಲ ಹಿಂದಿನಿಂದ ಸಂಘಮಿತ್ರಳ ದನಿ ಬಂತು. "ಹೊಟ್ಟೆಕಿಚ್ಚು ಜಾಸ್ತಿ ಅಪ್ಪ."

ಪ್ರಸನ್ನ ಕಿವಿಯವರೆಗೂ ಕೆಂಪಾದ. "ಹೌದು," ಎಂದ, ಬೇರೇನೂ ತೋಚದೆ.

ಸಣ್ಣಮಾದಯ್ಯ ಮೀಸೆ ಸವರಿಕೊಂಡರು. "ವಯಸ್ಸಲ್ಲಿ ನಾನೂ ಅಂಗೇ ಇದ್ದೆ ಬುಡು."

"ಇದ್ದೆ ಅಂತೆ!" ಒಳಗಿನಿಂದ ಅವಳ ತಾಯಿ ಕೂಗಿದರು. "ಈಗ್ಲೂ ಅಂಗೇ ಅವ್ರೆ. ನೀನು ಒಳಗೆ ಬಾಪ್ಪ, ಊಟ ಆರೋಯ್ತದೆ."