ಫ್ಲೆಕ್ಸ್ ಮೇಲಿನ ಸ್ಫೂರ್ತಿ

“ಲೇ ಸ್ಫೂರ್ತಿ, ನೀನ್ಯಾಕೆ ಇಲ್ಲಿಗೆ ಬಂದೆ?”

ಗೇಟು ದಾಟಿ ನಾಲ್ಕು ಹೆಜ್ಜೆ ಇಟ್ಟಿದ್ದಳಷ್ಟೆ, ಅಭಿಲಾಷ್ ಅಡ್ಡ ನಿಂತ. ಬೇಸಿಗೆ ರಜೆ ಮುಗಿದು ಅಂದೇ ಶಾಲೆ ಶುರುವಾಗಿತ್ತು. ಅವನ ಹಿಂದೆ ಐದನೇ ಕ್ಲಾಸಿನ ಅರ್ಧ ಹುಡುಗರು ಗುಂಪು ಕಟ್ಟಿದ್ದರು.

“ಇನ್ನೆಲ್ಲಿಗೆ ಹೋಗ್ಲಿ?” ಎಂದಳು ಸ್ಫೂರ್ತಿ.

“ನಿಂದು ಬೀರೂರು ರೋಡಿನ ಹೊಸ ಸ್ಕೂಲ್ ಅಲ್ವಾ? ಬಸ್‌ಸ್ಟ್ಯಾಂಡ್ ಹತ್ರ ಇಷ್ಟು ದೊಡ್ಡ ಫ್ಲೆಕ್ಸ್ ಹಾಕವ್ರೆ! ಟೈ ಕಟ್ಕೊಂಡು, ಹಲ್ ಕಿರ್ಕೊಂಡು ನಿಂತಿದೀಯ!”

“ಗುಡ್ ಮಾರ್ನಿಂಗ್, ಇಂಗ್ಲಿಷ್ ಮೀಡಿಯಂ ಮೇಡಂ!” ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಸ್ಫೂರ್ತಿಯೂ ನಕ್ಕಳು.

“ಅದು ಜಾಹೀರಾತು ಕಣ್ರೋ. ನಮ್ಮಮ್ಮ ತೆಗೆದಿದ್ದು. ನಾನು ಬರೀ ಮಾಡೆಲ್.”

ಸ್ಫೂರ್ತಿಯ ಅಮ್ಮ ಸುಮನಾ ಕಡೂರಿನಲ್ಲಿ ಫೋಟೊಗ್ರಾಫರ್. ಮದುವೆ ಫೋಟೊ ಅಲ್ಲ, ಜಾಹೀರಾತಿನ ಫೋಟೊ. ತರೀಕೆರೆಯ ಸೀರೆ ಅಂಗಡಿ, ಬೀರೂರಿನ ಬೇಕರಿ, ಹಸುವಿನ ಹಿಂಡಿಯ ಚೀಲ, ಹೀಗೆ ಯಾರು ಏನು ಮಾರಬೇಕೆಂದರೂ ಅದರ ಫೋಟೊ ಅವಳೇ ತೆಗೆಯುತ್ತಿದ್ದಳು. ಏಪ್ರಿಲ್ ಕೊನೆಯಲ್ಲಿ ಆ ಹೊಸ ಶಾಲೆಯ ಕೆಲಸ ಬಂದಿತ್ತು. ಸ್ಫೂರ್ತಿ ಅಮ್ಮನ ಜೊತೆ ಹೋಗಿ, ಅವರು ಕೊಟ್ಟ ಯೂನಿಫಾರ್ಮ್ ಹಾಕಿಕೊಂಡು ನಿಂತಿದ್ದಳು. ಮರುದಿನವೇ ರಜೆಗೆಂದು ದೇವನೂರಿನ ಅಜ್ಜಿ ಮನೆಗೆ ಹೊರಟುಹೋಗಿದ್ದಳು. ಶಾಲೆ ಶುರುವಾಗುವ ಹಿಂದಿನ ರಾತ್ರಿಯಷ್ಟೇ ಮರಳಿದ್ದರಿಂದ, ಆ ಫೋಟೊ ಏನಾಯಿತೆಂದು ಅವಳಿಗೆ ಗೊತ್ತಿರಲಿಲ್ಲ.

ಹುಡುಗರೆಲ್ಲ ಚದುರಿದರು. ಆದರೆ ಅವಳ ಬೆಂಚಿನ ಗೆಳತಿ ಸಂಗೀತಾ ಮಾತ್ರ ನಗಲಿಲ್ಲ. ಸ್ಫೂರ್ತಿಯ ಕೈ ಹಿಡಿದು ಹೊಂಗೆ ಮರದ ಕೆಳಗೆ ಎಳೆದುಕೊಂಡು ಹೋದಳು.

“ಹಂಗಾದ್ರೆ ನೀನು ಆ ಸ್ಕೂಲಿಗೆ ಹೋಗಲ್ವಾ?”

“ಇಲ್ಲ ಕಣೇ. ಯಾಕೆ?”

ಸಂಗೀತಾಳ ಮುಖ ಸಣ್ಣಗಾಯಿತು. “ನಮ್ಮಪ್ಪ ನನ್ನ ಅಲ್ಲಿಗೆ ಸೇರಿಸ್ತಿದಾರೆ. ಟೀಸಿಗೆ ಬರ್ಕೊಟ್ಟೂ ಆಯ್ತು. ಸೋಮವಾರ ಅಡ್ಮಿಷನ್. ಮೊದ್ಲು ನಾನು ಒಬ್ಳೇ ಹೋಗಲ್ಲ ಅಂತ ಅತ್ತೆ. ಅಪ್ಪ ಆ ಫ್ಲೆಕ್ಸ್ ತೋರಿಸಿ, ‘ನೋಡು, ನಿನ್ ಫ್ರೆಂಡೂ ಅಲ್ಲೇ ಅವ್ಳೆ’ ಅಂದ್ರು. ಅದಕ್ಕೇ ಹೂಂ ಅಂದೆ.”

ಅಷ್ಟರಲ್ಲಿ ಬೆಲ್ ಹೊಡೆಯಿತು.

ಹಾಜರಿ ಮುಗಿದ ಮೇಲೆ ಮುಖ್ಯಶಿಕ್ಷಕಿ ಸುಲೋಚನಮ್ಮ ಅವಳನ್ನು ಆಫೀಸ್ ರೂಮಿಗೆ ಕರೆಸಿದರು. ಬೈಗುಳಕ್ಕೆ ಸಿದ್ಧಳಾಗಿಯೇ ಸ್ಫೂರ್ತಿ ಒಳಗೆ ಹೋದಳು.

“ಫೋಟೊ ಚೆನ್ನಾಗಿ ಬಂದಿದೆ ಕಣಮ್ಮ,” ಎಂದರು ಮಿಸ್. “ನಿಮ್ಮಮ್ಮನ ಕೈ ಒಳ್ಳೇದು. ನೀನೂ ಟೀಸಿ ತಗೋತೀಯಾ ಅಂತ ಕೇಳೋಕೆ ಕರೆದೆ.”

“ಇಲ್ಲ ಮಿಸ್! ಅದು ಬರೀ ಫೋಟೊ.”

“ಹೌದಾ? ಸರಿ ಹೋಗು.” ಮಿಸ್ ಮೇಜಿನ ಮೇಲಿದ್ದ ಟೀಸಿ ಅರ್ಜಿಗಳನ್ನು ಒಟ್ಟುಮಾಡಿ ಡ್ರಾಯರ್ ಒಳಗಿಟ್ಟರು. ನಾಲ್ಕು ಅರ್ಜಿಗಳಿದ್ದವು. ಮೇಲಿನದರಲ್ಲಿ ಸಂಗೀತಾಳ ಹೆಸರಿತ್ತು. ಮಿಸ್ ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಸ್ಫೂರ್ತಿಗೆ.

ಸಂಜೆ ಬಸ್‌ಸ್ಟ್ಯಾಂಡಿನ ಬಳಿ ಅವಳು ಅದನ್ನು ಕಣ್ಣಾರೆ ನೋಡಿದಳು. ಅವಳ ಮುಖ ಬಸ್ಸಿನ ಮುಂಭಾಗಕ್ಕಿಂತ ದೊಡ್ಡದಾಗಿತ್ತು. ಹಿಂದೆ ಹಳದಿ ಬಣ್ಣದ ಕಟ್ಟಡ, ಹಸಿರು ಹುಲ್ಲು. ಆ ಹುಲ್ಲು ಕಲ್ಯಾಣ ಮಂಟಪದಿಂದ ತಂದ ಮ್ಯಾಟ್ ಎಂದು ಅವಳಿಗೆ ಗೊತ್ತಿತ್ತು. ಫೋಟೊ ತೆಗೆದಾಗ ಎಡಗಡೆ ಜಲ್ಲಿ ರಾಶಿ ಇತ್ತು. ಅದು ಕಾಣದಂತೆ ಅಮ್ಮ ಕ್ಯಾಮೆರಾ ತಿರುಗಿಸಿದ್ದಳು. ಅವತ್ತು ಅದೆಲ್ಲ ಮ್ಯಾಜಿಕ್ ಹಾಗೆ ಕಂಡಿತ್ತು.

ಆದರೆ ಮುಖದ ಪಕ್ಕದಲ್ಲಿ ಕೆಂಪಕ್ಷರದಲ್ಲಿ ಏನೋ ಬರೆದಿತ್ತು: ‘ನಾನು ಓದೋದು ಇಲ್ಲೇ! ನೀವು ಯಾವಾಗ ಬರ್ತೀರಾ?’

ಆ ಮಾತನ್ನು ಸ್ಫೂರ್ತಿ ಯಾವತ್ತೂ ಆಡಿರಲಿಲ್ಲ.

ಅವಳು ಅಮ್ಮನ ಸ್ಟುಡಿಯೊದ ಮೆಟ್ಟಿಲು ಹತ್ತಿ ಬರುವಾಗ ಸುಮನಾ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಳಿ ಕಾಗದದ ಮೇಲೆ ನಿಲ್ಲಿಸಿ, ಬೆರಳ ಗುರುತು ಉಳಿಯದ ಹಾಗೆ ಬಟ್ಟೆಯಿಂದ ಒರೆಸುತ್ತಿದ್ದಳು. ಎರಡೂ ಕಡೆ ದೊಡ್ಡ ಲೈಟುಗಳು ಉರಿಯುತ್ತಿದ್ದವು.

“ಹೆಂಗಿತ್ತು ಫಸ್ಟ್ ಡೇ?”

“ಅಮ್ಮ, ನಾನು ಆ ಸ್ಕೂಲಲ್ಲಿ ಓದ್ತೀನಿ ಅಂತ ಯಾಕೆ ಬರ್ದೆ?”

ಸುಮನಾಳ ಕೈ ನಿಂತಿತು. “ನಾನು ಬರೀಲಿಲ್ಲ ಪುಟ್ಟಿ. ನಾನು ಫೋಟೊ ಕೊಟ್ಟೆ ಅಷ್ಟೆ. ಅಕ್ಷರ ಎಲ್ಲ ಅವ್ರೇ ಹಾಕಿಸ್ಕೊಂಡಿದ್ದು.”

“ನೀನು ನೋಡ್ಲಿಲ್ವಾ?”

“ನೋಡ್ದೆ. ಕಟ್ಟಿದ ದಿನಾನೇ ನೋಡ್ದೆ.” ಸುಮನಾ ಒಂದು ಲೈಟು ಆರಿಸಿದಳು. “ಜಾಹೀರಾತು ಅಂದ್ರೆ ಸ್ವಲ್ಪ ಹಂಗೇ ಇರುತ್ತೆ ಕಣೇ. ಸೀರೆ ಅಂಗಡಿ ಫ್ಲೆಕ್ಸಲ್ಲಿ ನಿಂತಿರೋ ಹುಡುಗಿ ಆ ಸೀರೆ ತಗೊಂಡಿರ್ತಾಳಾ? ಫೋಟೊ ತೆಗೆದ್ಮೇಲೆ ಮಡ್ಚಿ ವಾಪಸ್ ಕೊಡ್ತಾಳೆ.”

“ಸೀರೆ ನೋಡಿ ಯಾರೂ ಟೀಸಿ ತಗೊಳಲ್ಲಮ್ಮ,” ಎಂದಳು ಸ್ಫೂರ್ತಿ.

ಅವಳಿಗೆ ಅಳು ಬಂತು. ಅಳುತ್ತಲೇ ಸಂಗೀತಾಳ ವಿಷಯ, ನಾಲ್ಕು ಅರ್ಜಿಗಳ ವಿಷಯ ಎಲ್ಲ ಹೇಳಿದಳು. ಸುಮನಾ ಸ್ಟೂಲಿನ ಮೇಲೆ ಕೂತು ಕೊನೆಯವರೆಗೂ ಕೇಳಿದಳು.

“ಆ ಸಾಲು ನೋಡಿದಾಗ್ಲೇ ಫೋನ್ ಮಾಡ್ಬೇಕಿತ್ತು,” ಎಂದಳು ಕೊನೆಗೆ. “ಒಂದು ವರ್ಷದ ಕೆಲಸ ಎಲ್ಲ ನಂಗೇ ಕೊಡ್ತೀನಿ ಅಂದಿದ್ರು. ಕೆಲಸ ಎಲ್ಲಿ ತಪ್ಪಿಹೋಗುತ್ತೋ ಅಂತ ಸುಮ್ನಾಗ್ಬಿಟ್ಟೆ. ಈಗ ಸಂಗೀತಾ ಅಪ್ಪನ ಹತ್ರ ನಾನು ಮಾತಾಡ್ತೀನಿ, ನೀನು ಅಳ್ಬೇಡ.”

ಸ್ಫೂರ್ತಿ ಮೂಗು ಒರೆಸಿಕೊಂಡಳು. “ಫ್ಲೆಕ್ಸ್ ಮೇಲಿರೋದು ನಾನಲ್ವಾ? ನಾನೂ ಬರ್ತೀನಿ.”

ಸಂಗೀತಾಳ ಅಪ್ಪ ಹಾಲೇಶ ಗೂಡ್ಸ್ ಆಟೊ ಓಡಿಸುತ್ತಿದ್ದ. ಅವರು ಹೋದಾಗ ಮನೆ ಮುಂದೆ ಆಟೊ ತೊಳೆಯುತ್ತಿದ್ದ. ಸುಮನಾಳನ್ನು ಕಂಡು ಪೈಪು ಕೆಳಗೆ ಹಾಕಿ ಓಡಿಬಂದ.

“ಬನ್ನಿ ಅಕ್ಕ! ಈಗ ಇಬ್ರು ಹುಡುಗೀರೂ ಒಂದೇ ಸ್ಕೂಲು ನೋಡಿ. ನಂಗಂತೂ ಧೈರ್ಯ ಬಂತು.”

ಸುಮನಾ ಬಾಯಿ ತೆರೆಯುವ ಮೊದಲೇ ಸ್ಫೂರ್ತಿ ಹೇಳಿಬಿಟ್ಟಳು. “ನಾನು ಅಲ್ಲಿಗೆ ಹೋಗ್ತಿಲ್ಲ ಮಾಮ. ಅಲ್ಲಿ ಒಂದಿನಾನೂ ಓದಿಲ್ಲ. ಆ ಸ್ಕೂಲು ಹೆಂಗಿದೆ ಅಂತ ನಂಗೆ ಗೊತ್ತಿಲ್ಲ.”

ಹಾಲೇಶ ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. “ಮತ್ತೆ ಫೋಟೊ? ಅದು ಸುಳ್ಳಾ?”

ಸ್ಫೂರ್ತಿ ತಲೆ ತಗ್ಗಿಸಿದಳು. ಅಮ್ಮ ತೆಗೆದ ಫೋಟೊವನ್ನು ಸುಳ್ಳು ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ನಿಜ ಎನ್ನಲೂ ಆಗಲಿಲ್ಲ.

“ತಪ್ಪು ನಂದು ಹಾಲೇಶ,” ಎಂದಳು ಸುಮನಾ. “ಅವರ ಸ್ಕೂಲಿಗೆ ಆಗಿನ್ನೂ ಮಕ್ಕಳೇ ಸೇರಿರ್ಲಿಲ್ಲ. ಎರಡೇ ದಿನದಲ್ಲಿ ಫೋಟೊ ಬೇಕು ಅಂದ್ರು. ಮಗಳನ್ನ ನಿಲ್ಲಿಸಿ ತೆಗೆದೆ. ಆ ಮಾತು ಅವಳು ಹೇಳಿದ್ದಲ್ಲ.”

ಪೈಪಿನಿಂದ ನೀರು ಸುಮ್ಮನೆ ಹರಿದು ರಸ್ತೆಗೆ ಹೋಗುತ್ತಿತ್ತು. ಹಾಲೇಶ ಹೋಗಿ ನಲ್ಲಿ ನಿಲ್ಲಿಸಿ ಬಂದ.

“ನಾನು ಓದ್ದೋನಲ್ಲ ಅಕ್ಕ. ಯಾವ ಸ್ಕೂಲು ಒಳ್ಳೇದು, ಯಾವ್ದು ಅಲ್ಲ ಅಂತ ನಂಗೆ ತಿಳಿಯಲ್ಲ. ಸುಮನಕ್ಕನೇ ಮಗಳನ್ನ ಹಾಕವ್ರೆ ಅಂದ್ಮೇಲೆ ನೋಡೋದೇನಿದೆ ಅಂದ್ಕೊಂಡೆ.” ಅವನ ದನಿಯಲ್ಲಿ ಕೋಪ ಇರಲಿಲ್ಲ. “ನಾಳೆ ಆ ಸ್ಕೂಲಿಗೇ ಹೋಗೋಣ,” ಎಂದಳು ಸುಮನಾ ಮನೆಗೆ ಹೋಗುವ ದಾರಿಯಲ್ಲಿ.

ಮರುದಿನ ಮಧ್ಯಾಹ್ನ ಅವರು ಆ ಹೊಸ ಶಾಲೆಗೆ ಹೋದರು. ಪೇಂಟಿನ ವಾಸನೆ ಇನ್ನೂ ಮೂಗಿಗೆ ಹೊಡೆಯುತ್ತಿತ್ತು. ಶಾಲೆ ನಡೆಸುವ ಧನಪಾಲ್ ತಾವೇ ಬೆಂಚುಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

“ಆ ಸಾಲು ತೆಗೆಸ್ಬಿಡಿ ಸರ್,” ಎಂದಳು ಸುಮನಾ. “ನಿಮ್ಮಲ್ಲಿಗೆ ಸೇರಿದ ಮಕ್ಕಳದ್ದೇ ಹೊಸ ಫೋಟೊ ತೆಗೆದು ಕೊಡ್ತೀನಿ. ಅದಕ್ಕೆ ನೀವೇನೂ ಕೊಡ್ಬೇಡಿ.”

ಧನಪಾಲ್ ಬೆಂಚಿನ ಮೇಲೆ ಕೂತರು. “ಮೇಡಂ, ನೀವೇ ಹೇಳಿ. ಮಕ್ಕಳು ಬರ್ಬೇಕು ಅಂದ್ರೆ ಮಕ್ಕಳಿರೋ ಫೋಟೊ ಬೇಕು. ಮಕ್ಕಳೇ ಬಂದಿಲ್ಲ ಅಂದ್ರೆ ಫೋಟೊ ಎಲ್ಲಿಂದ ತರ್ಲಿ? ಆರು ಜನ ಟೀಚರ್ಸ್ ಇದಾರೆ. ಕ್ಲಾಸಲ್ಲಿ ಮಕ್ಕಳಿಲ್ದೆ ಹೋದ್ರೆ ಅವ್ರನ್ನೆಲ್ಲ ಮನೆಗೆ ಕಳಿಸ್ಬೇಕಾಗುತ್ತೆ. ಎಲ್ಲ ಕಡೇನೂ ಹಿಂಗೇ ಮಾಡೋದು.”

ಸ್ಫೂರ್ತಿ ಅವರನ್ನು ಕೆಟ್ಟವರು ಎಂದುಕೊಂಡು ಬಂದಿದ್ದಳು. ಈಗ ನೋಡಿದರೆ ಅವರೂ ಸುಸ್ತಾದ ಒಬ್ಬ ಮಾಮನ ಹಾಗೆಯೇ ಕಂಡರು.

“ನನ್ನ ಫ್ರೆಂಡು ನಾನಿರ್ತೀನಿ ಅಂತ ಇಲ್ಲಿಗೆ ಬರ್ತಿದಾಳೆ ಅಂಕಲ್,” ಎಂದಳು ಮೆಲ್ಲಗೆ. “ಸೋಮವಾರ ಬಂದು ಹುಡುಕ್ತಾಳೆ. ನಾನಿರಲ್ಲ.”

ಧನಪಾಲ್ ಎದ್ದು ಇನ್ನೊಂದು ಬೆಂಚನ್ನು ಸಾಲಿಗೆ ತಳ್ಳಿದರು.

“ಬಸ್‌ಸ್ಟ್ಯಾಂಡಿನದು ತೆಗೆಸ್ತೀನಿ,” ಎಂದರು ಆಮೇಲೆ. “ಬೀರೂರಲ್ಲಿರೋದು, ತರೀಕೆರೇಲಿರೋದು ಈಗ್ಲೇ ಆಗಲ್ಲ. ಇನ್ನೊಂದು ಮಾತು, ಬೇಜಾರ್ ಮಾಡ್ಕೋಬೇಡಿ ಮೇಡಂ. ಮುಂದಿನ ಕೆಲಸಕ್ಕೆ ನಾನು ಬೇರೆ ಯಾರನ್ನಾದ್ರೂ ನೋಡ್ಕೋತೀನಿ.”

“ಆಗ್ಲಿ ಸರ್,” ಎಂದಳು ಸುಮನಾ. ಗೇಟಿನಾಚೆ ಬಂದು ಸ್ಕೂಟರ್ ಸ್ಟಾರ್ಟ್ ಮಾಡಿದಳು.

ಭಾನುವಾರ ಸಂಜೆ ಬಸ್‌ಸ್ಟ್ಯಾಂಡಿನ ಬಳಿ ಬರೀ ಮರದ ಚೌಕಟ್ಟು ನಿಂತಿತ್ತು.

ಆದರೂ ಸೋಮವಾರ ಸಂಗೀತಾ ಶಾಲೆಗೆ ಬರಲಿಲ್ಲ. ಮಧ್ಯಾಹ್ನ ಹಾಲೇಶ ಬಂದು ಟೀಸಿ ತೆಗೆದುಕೊಂಡ. ಹೋಗುವಾಗ ಕಾರಿಡಾರಿನಲ್ಲಿ ಸ್ಫೂರ್ತಿಯನ್ನು ಕರೆದ.

“ಬೇಜಾರ್ ಮಾಡ್ಕೋಬೇಡ ಕಣವ್ವ. ಬೆಳಿಗ್ಗೆ ನಾನೇ ಹೋಗಿ ನೋಡ್ದೆ. ಟೀಚರ್ ಹತ್ರ ಮಾತಾಡ್ದೆ, ಅವ್ರು ಮಗೂನೂ ಮಾತಾಡ್ಸುದ್ರು. ಸೇರಿಸ್ಬೋದು ಅನ್ನುಸ್ತು. ಆದ್ರೆ ನೀನು ಬಂದು ಹೇಳ್ಲಿಲ್ಲ ಅಂದಿದ್ರೆ ನಾನು ಒಳಗೆ ಹೋಗಿ ನೋಡ್ತಾನೇ ಇರ್ಲಿಲ್ಲ.”

“ಸಂಗೀತಾ ಅತ್ಲಾ?”

“ಅತ್ಲು. ಆಮೇಲೆ ಸಂಜೆ ನಿನ್ ಜೊತೆ ಆಡೋಕೆ ಬಿಡ್ತೀನಿ ಅಂದೆ. ಸುಮ್ನಾದ್ಲು.”

ಹಾಲೇಶ ಹೋದ ಮೇಲೆ ಸ್ಫೂರ್ತಿ ಕ್ಲಾಸಿಗೆ ಬಂದು ಬೆಂಚಿನಲ್ಲಿ ಕೂತಳು. ಪಕ್ಕದ ಜಾಗ ಖಾಲಿಯಿತ್ತು. ನಿಜ ಹೇಳಿದರೆ ಸಂಗೀತಾ ಇಲ್ಲೇ ಉಳಿಯುತ್ತಾಳೆ ಎಂದು ಒಳಗೊಳಗೇ ಅಂದುಕೊಂಡಿದ್ದು ಈಗ ಅವಳಿಗೆ ಗೊತ್ತಾಯಿತು. ಸ್ವಲ್ಪ ಹೊತ್ತು ನೋವಾಯಿತು. ಆದರೆ ಇವತ್ತು ಹಾಲೇಶ ಮಾಮನ ಮುಖವನ್ನು ನೇರವಾಗಿ ನೋಡಲು ತನಗೆ ಕಷ್ಟವಾಗಲಿಲ್ಲ ಎಂಬುದೂ ನೆನಪಾಯಿತು.

ಜೂನ್ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಅಮ್ಮನಿಗೆ ಅಜ್ಜಂಪುರದಿಂದ ಕರೆ ಬಂತು. ಸ್ಫೂರ್ತಿಯೂ ರೈಲಿನಲ್ಲಿ ಜೊತೆಗೆ ಹೋದಳು. ಕರಿಬಸಮ್ಮ ಎಂಬ ಅಜ್ಜಿ ತಮ್ಮ ಮನೆಯಲ್ಲೇ ನಿಪ್ಪಟ್ಟು ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದರು. ಈಗ ಮೊದಲ ಸಲ ಬಣ್ಣದ ಪ್ಯಾಕೆಟ್ ಮಾಡಿಸುವವರಿದ್ದರು. ಪ್ಯಾಕೆಟ್ಟಿನ ಮೇಲೆ ಹಾಕಲು ಫೋಟೊ ಬೇಕಿತ್ತು.

ಸುಮನಾ ಕಿಟಕಿಯ ಬೆಳಕಿನಲ್ಲಿ ನಿಪ್ಪಟ್ಟುಗಳನ್ನು ಜೋಡಿಸಿ, ಅಂಚು ಮುರಿದವನ್ನು ಪಕ್ಕಕ್ಕಿಟ್ಟು, ಹತ್ತಾರು ಫೋಟೊ ತೆಗೆದಳು. ಕರಿಬಸಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

“ಮಗೂ ಕೈಗೊಂದು ಕೊಟ್ಟು ತೆಗೀಬೋದೇನವ್ವಾ?” ಎಂದು ಕೇಳಿದರು. “ಎಷ್ಟು ಲಕ್ಷಣವಾಗವ್ಳೆ!”

ಸುಮನಾ ಕ್ಯಾಮೆರಾ ಕೆಳಗಿಳಿಸಿದಳು. “ಅವಳನ್ನೇ ಕೇಳಿ ಅಮ್ಮ.”

ಇಬ್ಬರೂ ಸ್ಫೂರ್ತಿಯ ಕಡೆ ತಿರುಗಿದರು. ಅವಳು ತಟ್ಟೆ ನೋಡಿದಳು. ಅಜ್ಜಿಯನ್ನು ನೋಡಿದಳು.

“ಮೊದ್ಲು ತಿಂದು ನೋಡ್ಲಾ ಅಜ್ಜಿ?”

“ತಿನ್ನವ್ವ, ತಿನ್ನು!”

ಸ್ಫೂರ್ತಿ ಒಂದು ನಿಪ್ಪಟ್ಟು ಮುರಿದು ಬಾಯಿಗೆ ಹಾಕಿಕೊಂಡಳು. ಕರುಂ ಎಂದಿತು. ಕಡಲೆಬೀಜ ಸಿಕ್ಕಿತು, ಎಳ್ಳು ಸಿಕ್ಕಿತು. ಆಮೇಲೆ ಖಾರ ಏರಿ ಕಣ್ಣಲ್ಲಿ ನೀರು ಬಂತು. ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಅವಳನ್ನೇ ನೋಡುತ್ತಿದ್ದರು, ಪರೀಕ್ಷೆಯ ರಿಸಲ್ಟಿಗೆ ಕಾಯುವವರ ಹಾಗೆ. ಇಷ್ಟು ದೊಡ್ಡವರು ತನ್ನ ಮಾತಿಗೆ ಹೀಗೆ ಕಾಯುತ್ತಾರೆಂದು ಸ್ಫೂರ್ತಿಗೆ ಗೊತ್ತೇ ಇರಲಿಲ್ಲ. ಅವಸರ ಮಾಡದೆ ಅವಳು ಇನ್ನೊಂದು ತುಂಡು ತಿಂದಳು.

“ಸ್ವಲ್ಪ ಖಾರ ಜಾಸ್ತಿ ಅಜ್ಜಿ,” ಎಂದಳು.

“ಹೌದೇನವ್ವಾ?” ಅಜ್ಜಿಯ ಬೆರಳು ನಿಂತಿತು.

“ಹೂಂ. ಆದ್ರೂ ಇನ್ನೊಂದು ಬೇಕು.”

ಅಜ್ಜಿ ಗಟ್ಟಿಯಾಗಿ ನಕ್ಕು ತಟ್ಟೆಯನ್ನೇ ಅವಳ ಮುಂದಿಟ್ಟರು. ಸ್ಫೂರ್ತಿ ದೊಡ್ಡದೊಂದನ್ನು ಆರಿಸಿಕೊಂಡು ಕಿಟಕಿಯ ಬೆಳಕಿಗೆ ಹೋಗಿ ಕೂತಳು. ಒಂದು ಕಚ್ಚು ಕಚ್ಚಿ, ಬಾಯಿ ತುಂಬ ಅಗಿಯುತ್ತಲೇ ಅಮ್ಮನ ಕಡೆ ತಿರುಗಿದಳು.

“ಈಗ ತೆಗಿ ಅಮ್ಮ.”