ಹನ್ನೊಂದು ಹಲ್ಲಿನ ಪಿನಿಯನ್

ಎಂಟು ತಿಂಗಳಿಂದ ಅವನು ತನ್ನ ಪಿಕಪ್ಪಿಗೆ ಇಲ್ಲದ ಕಾಯಿಲೆಗಳನ್ನೆಲ್ಲ ಹೇಳಿಕೊಂಡು ನಮ್ಮ ಗ್ಯಾರೇಜಿಗೆ ಬರುತ್ತಿದ್ದ. ಹಿಂದಿನ ಆಕ್ಸಲ್ಲಿನಲ್ಲಿ ಏನೋ ಗುಂಯ್ ಅನ್ನುತ್ತದೆ ಎನ್ನುತ್ತಿದ್ದ. ನಾನು ಪಕ್ಕದ ಸೀಟಿನಲ್ಲಿ ಕೂತು ಎರಡು ಕಿಲೋಮೀಟರ್ ಹೋಗಿ ಬರುತ್ತಿದ್ದೆ. ಯಾವ ಗುಂಯ್ಯೂ ಇರುತ್ತಿರಲಿಲ್ಲ. ಇರುವುದಿಲ್ಲ ಎಂದು ಗೊತ್ತಿದ್ದೇ ಅವನು ಬರುತ್ತಿದ್ದ, ಗೊತ್ತಿದ್ದೇ ನಾನು ಹತ್ತುತ್ತಿದ್ದೆ.

ಆ ಸೋಮವಾರ ಮಾತ್ರ ಗಾಡಿ ಬಂದದ್ದು ಬೇರೊಂದು ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು.

"ಇವತ್ತು ನಿಜವಾಗ್ಲೂ ಸದ್ದು ಬಂತು ಮೇಸ್ತ್ರಿ," ಎಂದು ಇಳಿದ. "ಒಂದೇ ಸಲ. ಆಮೇಲೆ ಮಾತೇ ಇಲ್ಲ."

ನಗಬಾರದು ಅಂದುಕೊಂಡೇ ಗಾಡಿಯ ಕೆಳಗೆ ತೂರಿದೆ. ಆಯಿಲ್ ಬಸಿದರೆ ಅದರ ಜೊತೆಗೇ ಗೇರಿನ ಹಲ್ಲಿನ ಚೂರುಗಳು ಬಂದವು. ಹದಿನಾಲ್ಕು ವರ್ಷ ದುಡಿದ ಕ್ರೌನ್ ವೀಲು ಬೊಚ್ಚಾಗಿತ್ತು.

ನಮ್ಮದು ಬೆಟ್ಟದ ಬುಡದಲ್ಲಿರುವ ಗ್ಯಾರೇಜು. ಹಿಂದಿನ ಆಕ್ಸಲ್ ಬಿಟ್ಟು ಬೇರೆ ಕೆಲಸ ಮುಟ್ಟುವುದಿಲ್ಲ. ಅಪ್ಪ ಜೀವಮಾನವೆಲ್ಲ ಅದನ್ನೇ ಮಾಡಿದವನು. ಅವನ ಬೆನ್ನು ಕೈಕೊಟ್ಟ ಮೇಲೆ ಗಾಡಿಯ ಕೆಳಗೆ ಮಲಗುವ ಕೆಲಸ ನನ್ನದಾಯಿತು, ಬೆಂಚಿನ ಮೇಲೆ ಕೂತು ತಪ್ಪು ಹುಡುಕುವ ಕೆಲಸ ಅವನಿಗೆ ಉಳಿಯಿತು.

ಪಿಕಪ್ಪಿನವನು ಬೆಟ್ಟದ ಮೇಲಿನ ಎದೆರೋಗದ ಆಸ್ಪತ್ರೆಗೆ ಆಕ್ಸಿಜನ್ ಸಿಲಿಂಡರ್ ಸಾಗಿಸುತ್ತಿದ್ದ. ಗಾಳಿ ಸಾಗಿಸಿ ಬದುಕುವವನು ಎಂದು ರಸ್ತೆಯುದ್ದಕ್ಕೂ ಎಲ್ಲರೂ ಅವನನ್ನು ಗಾಳಿಯಣ್ಣ ಎನ್ನುತ್ತಿದ್ದರು. ನನಗೊಬ್ಬಳಿಗೆ ಆ 'ಅಣ್ಣ' ಅನ್ನಲು ನಾಲಿಗೆ ಏಳಲಿಲ್ಲ. ಬರೀ 'ಗಾಳಿ' ಅನ್ನುವಂತಿಲ್ಲ. ಹಾಗಾಗಿ ನಾನು ಕರೆಯಬೇಕಾದಾಗಲೆಲ್ಲ "ರೀ" ಎನ್ನುತ್ತಿದ್ದೆ. ಅದು ಅದಕ್ಕಿಂತ ಎಡವಟ್ಟು ಎಂದು ಹೊಳೆಯುವ ಹೊತ್ತಿಗೆ ಅವನಿಗೆ ಅಭ್ಯಾಸವಾಗಿಹೋಗಿತ್ತು. ನಾನು "ರೀ" ಅಂದಾಗ ಅವನು ತಕ್ಷಣ ತಿರುಗುತ್ತಿರಲಿಲ್ಲ. ಎರಡನೆಯ ಸಲ ಅನ್ನಲಿ ಎಂದು ಕಾಯುತ್ತಿದ್ದ.

ಮುರಿದದ್ದು ಒಂಬತ್ತು ಹಲ್ಲಿನ ಪಿನಿಯನ್ ಎಂಬ ಚಿಕ್ಕ ಗೇರು, ಅದು ತಿರುಗಿಸುವ ನಲವತ್ತೊಂದು ಹಲ್ಲಿನ ದೊಡ್ಡ ಕ್ರೌನು. ಎಂಜಿನ್ನಿನಿಂದ ಬರುವ ಶಾಫ್ಟು ನಾಲ್ಕೂವರೆ ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಏರಿಗೆ ಬಲ, ಇಳಿಜಾರಿನಲ್ಲಿ ಆಕ್ಸಲೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಆದರೆ ಹೈವೇಯಲ್ಲಿ ಅರವತ್ತು ದಾಟಿದರೆ ಕಿರುಚಾಟ. ಶೆಲ್ಫಿನಲ್ಲಿ ಇನ್ನೊಂದು ಜೊತೆಯೂ ಇತ್ತು. ಅದರ ಪಿನಿಯನ್ನಿಗೆ ಹನ್ನೊಂದು ಹಲ್ಲು. ಹೈವೇಯಲ್ಲಿ ಹಾಯಾಗಿ ಓಡುತ್ತದೆ. ಇಳಿಜಾರಿನಲ್ಲಿ ಹಿಡಿತ ಕಡಿಮೆ.

ಗ್ಯಾಸ್ ತುಂಬುವ ಪ್ಲಾಂಟಿನಿಂದ ನಮ್ಮ ಬೆಟ್ಟದ ಬುಡಕ್ಕೆ ತೊಂಬತ್ತು ಕಿಲೋಮೀಟರ್ ನೆಟ್ಟಗಿನ ಹೈವೇ. ಬೆಟ್ಟದ ದಾರಿ ಹನ್ನೆರಡೇ ಕಿಲೋಮೀಟರ್. ಹನ್ನೊಂದು ಹಾಕಿದರೆ ದಿನಕ್ಕೆ ಅರ್ಧ ಗಂಟೆ ಉಳಿಯುತ್ತದೆ ಎಂದು ನಾನೇ ಬಾಯಿಬಿಟ್ಟೆ.

"ಅರ್ಧ ಗಂಟೆ ಉಳಿಸ್ಕೊಂಡು ನಾನೇನು ಮಾಡ್ಲಿ?" ಎಂದ. ಕೇಳಿದ್ದು ನನ್ನನ್ನು, ನೋಡುತ್ತಿದ್ದದ್ದು ನನ್ನ ಕೆನ್ನೆಯ ಮೇಲಿನ ಗ್ರೀಸನ್ನು. "ಇಲ್ಲಿ ಕೂತ್ಕೋಬಹುದಾ?"

ನಾನು ಸ್ಪ್ಯಾನರ್ ಹುಡುಕುವವಳಂತೆ ತಿರುಗಿದೆ. ಸ್ಪ್ಯಾನರ್ ನನ್ನ ಕೈಯಲ್ಲೇ ಇತ್ತು.

ಅಪ್ಪ ಬೆಂಚಿನಿಂದಲೇ, ಇದ್ದದ್ದನ್ನೇ ಹಾಕು, ಬೆಟ್ಟದ ಗಾಡಿಗೆ ಒಂಬತ್ತೇ ಸರಿ ಎಂದ. ಏರುವಾಗ ಸ್ವಲ್ಪ ಏದುಸಿರು ಬಿಟ್ಟೀತು, ಆದರೂ ಏರುತ್ತದೆ ಎಂದು ನಾನು ವಾದಿಸಿದೆ. ಅಪ್ಪ ಪಿಕಪ್ಪಿನ ಕಡೆ ಕೈ ತೋರಿಸಿದ.

"ಇಳಿಯೋವಾಗ ಏನಿರುತ್ತೆ ಗಾಡೀಲಿ?"

"ಖಾಲಿ ಸಿಲಿಂಡರ್ ಅಪ್ಪ. ಅಲ್ವೇನ್ರೀ?"

ಅವನು ಒಂದು ಗಳಿಗೆ ತಡೆದ. ಆಮೇಲೆ ಹೌದು, ಖಾಲಿವೇ ಎಂದ.

ಅಡುಗೆಮನೆಯ ಖಾಲಿ ಸಿಲಿಂಡರನ್ನು ಒಂದೇ ಕೈಯಲ್ಲಿ ಎತ್ತಿ ಬಾಗಿಲಿಗೆ ತಂದಿಟ್ಟು ಬೆಳೆದವಳು ನಾನು. ಖಾಲಿ ಅಂದರೆ ನನ್ನ ಲೆಕ್ಕದಲ್ಲಿ ಅಷ್ಟೇ. ಮಂಗಳವಾರ ಹನ್ನೊಂದನ್ನು ಕೂರಿಸಿದೆ. ಹಲ್ಲಿಗೆ ನೀಲಿ ಬಣ್ಣ ಬಳಿದು ತಿರುಗಿಸಿ, ಎರಡೂ ಎಲ್ಲಿ ತಾಗುತ್ತವೆಂದು ಅಚ್ಚು ನೋಡಿದೆ. ಹಲ್ಲಿನ ನಟ್ಟನಡುವೆ ಕೂತಿತ್ತು, ಅಪ್ಪನಿಗೂ ತಪ್ಪು ಸಿಗಲಿಲ್ಲ. ಕೂರಿಸಿದ್ದರಲ್ಲಿ ತಪ್ಪಿರಲೂ ಇಲ್ಲ.

ಬುಧವಾರ ಅವನು ಪ್ಲಾಂಟಿನಿಂದ ಲೋಡು ಮಾಡಿಕೊಂಡು ಮಧ್ಯಾಹ್ನ ಹನ್ನೆರಡಕ್ಕೇ ಬಂದ. ಗಾಡಿ ಹಾಡಿಕೊಂಡು ಬಂತು ಎಂದ. ಉಳಿದ ಹೊತ್ತನ್ನೆಲ್ಲ ನಮ್ಮ ಮುರುಕು ಸ್ಟೂಲಿನ ಮೇಲೆ ಕೂತು ಖರ್ಚು ಮಾಡಿದ. ನಾನು ಕೊಟ್ಟ ಟೀ ಆರಿಹೋದರೂ ಲೋಟ ಬಿಡಲಿಲ್ಲ. ನಾವು ಮಾತಾಡಿದ್ದು ಟೈರಿನ ವಿಷಯ, ಬ್ಯಾಟರಿಯ ವಿಷಯ. ನಡುನಡುವೆ ಅವನು ನನ್ನ ಕೈ ನೋಡುತ್ತಿದ್ದ, ನಾನು ಅದನ್ನು ಬಟ್ಟೆಯಲ್ಲಿ ಒರೆಸುತ್ತಿದ್ದೆ. ಉಗುರಿನ ಸಂದಿಯ ನೀಲಿ ಹೋಗಲೇ ಇಲ್ಲ.

ಹೊರಡುವಾಗ, ಕಬ್ಬಿಣ ಕತ್ತರಿಸುವ ನಮ್ಮ ಗ್ಯಾಸ್ ಕಟಿಂಗಿನ ಆಕ್ಸಿಜನ್ ಸಿಲಿಂಡರ್ ಮುಗಿದಿದ್ದನ್ನು ನೋಡಿ, ವಾಪಸ್ ಬರುವಾಗ ಒಯ್ಯುತ್ತೇನೆ, ನಾಳೆ ತುಂಬಿದ್ದು ತರುತ್ತೇನೆ ಎಂದ. ಆ ಸಿಲಿಂಡರ್ ಎರಡು ತಿಂಗಳ ಹಿಂದೆ ಅಂಗಡಿಗೆ ಬಂದದ್ದು, ನಮ್ಮ ಮೊದಲನೆಯದು. ಮೂಲೆಯಲ್ಲಿ ನಿಲ್ಲಿಸಿ ಹೋಗಿದ್ದರು, ನಾನು ಅದನ್ನು ಅಲುಗಿಸಿರಲಿಲ್ಲ.

ಮೂರು ಗಂಟೆಯ ಸುಮಾರಿಗೆ ಅದನ್ನು ಬಾಗಿಲ ಹತ್ತಿರ ತಂದಿಡೋಣ ಎಂದು ಕುತ್ತಿಗೆ ಹಿಡಿದು ಎತ್ತಿದೆ. ಜಗ್ಗಲಿಲ್ಲ. ವಾಲಿಸಿದೆ. ಅದು ನನ್ನನ್ನೇ ಎಳೆದುಕೊಂಡು ಉರುಳಿತು. ಕಾಲು ತಪ್ಪಿಸಿಕೊಂಡದ್ದು ಕೂದಲೆಳೆಯ ಅಂತರದಲ್ಲಿ. ನೆಲದ ಸಿಮೆಂಟು ಬಿರಿಯಿತು.

ಅಪ್ಪ ಬೆನ್ನು ಹಿಡಿದುಕೊಂಡೇ ಓಡಿ ಬಂದ. ಇದು ಖಾಲಿ ಅಲ್ಲವಾ ಎಂದು ನಾನು ಕೇಳಿದೆ.

"ಖಾಲಿನೇ. ಒಳಗಿನ ಗಾಳಿ ಎಂಟೋ ಹತ್ತೋ ಕೇಜಿ ಇದ್ದೀತು. ಡಬ್ಬಾನೇ ಐವತ್ತರ ಮೇಲೆ. ಅಷ್ಟು ದಪ್ಪ ಕಬ್ಬಿಣ ಇಲ್ದಿದ್ರೆ ಆ ಒತ್ತಡ ತಡಿಯುತ್ತಾ?"

ಹೇಳುತ್ತಾ ಹೇಳುತ್ತಾ ಅವನ ಮಾತೂ ನಿಂತಿತು. ನಾವಿಬ್ಬರೂ ಒಂದೇ ಲೆಕ್ಕ ಹಾಕುತ್ತಿದ್ದೆವು. ಪಿಕಪ್ಪಿನಲ್ಲಿ ಇಪ್ಪತ್ತೆರಡು ಸಿಲಿಂಡರ್. ಒಂದು ಟನ್ನಿಗೂ ಮೇಲೆ. ಹೆಚ್ಚುಕಡಿಮೆ ಏರುವಾಗ ಇದ್ದ ಭಾರವೇ ಇಳಿಯುವಾಗಲೂ. ಅದರ ಕೆಳಗೆ ಹಿಡಿತವಿಲ್ಲದ ಹನ್ನೊಂದು ಹಲ್ಲು, ನನ್ನ ಕೈಯಾರೆ ಕೂರಿಸಿದ್ದು.

ಪಿಕಪ್ಪಿನವನ ಫೋನು ಹತ್ತಲಿಲ್ಲ. ಬೆಟ್ಟದ ದಾರಿಯಲ್ಲಿ ಯಾರದ್ದೂ ಹತ್ತುವುದಿಲ್ಲ. ಆಸ್ಪತ್ರೆಗೆ ಮಾಡಿದೆ. ಸ್ಟೋರಿನ ಹೆಂಗಸು, ಈಗ ತಾನೇ ಹೊರಟರಲ್ಲ, ಇವತ್ತು ಯಾಕೋ ಬಹಳ ಖುಷಿಯಾಗಿದ್ದರು ಎಂದಳು.

ಅಪ್ಪ ಸ್ಕೂಟರಿನ ಕೀಲಿ ಕೈಗಿಟ್ಟ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಧೈರ್ಯ ಇರುತ್ತಿತ್ತು.

ಬೆಟ್ಟದ ದಾರಿಗೆ ಹತ್ತೊಂಬತ್ತು ತಿರುವು. ಪ್ರತಿ ತಿರುವಿನಲ್ಲೂ ಮೊದಲು ಕಣಿವೆಯ ಕಡೆಯ ಮೋಟುಗೋಡೆ ನೋಡುತ್ತಿದ್ದೆ, ಎಲ್ಲಾದರೂ ಹೊಸದಾಗಿ ಒಡೆದಿದೆಯಾ ಎಂದು. ಐದನೆಯ ತಿರುವಿನಲ್ಲಿ ಒಂದು ಬಸ್ಸು ಇಳಿದು ಬಂತು. ಕಿಟಕಿಯ ಮುಖಗಳನ್ನು ಒಂದೊಂದಾಗಿ ನೋಡಿದೆ. ಮೇಲೆ ಏನಾದರೂ ಆಗಿದ್ದರೆ ಜನ ಹಿಂದಕ್ಕೆ ತಿರುಗಿ ಮಾತಾಡುತ್ತಿರುತ್ತಾರೆ. ಒಬ್ಬಳು ತಲೆ ಬಾಚಿಕೊಳ್ಳುತ್ತಿದ್ದಳು, ಒಬ್ಬ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಆ ನಿದ್ದೆ ನೋಡಿ ನನಗೆ ಅರ್ಧ ಜೀವ ಬಂತು. ಮರುಕ್ಷಣವೇ, ಬಸ್ಸು ದಾಟಿದ ಮೇಲೆ ಆಗಿದ್ದರೆ ಅನ್ನಿಸಿ ಅದೂ ಹೋಯಿತು.

ಹನ್ನೊಂದನೆಯ ತಿರುವಿನ ಹತ್ತಿರ ವಾಸನೆ ಬಡಿಯಿತು. ಬ್ರೇಕು ಸುಟ್ಟ ವಾಸನೆ ನಮ್ಮಂಥವರಿಗೆ ಹೇಳಿಕೊಡಬೇಕಿಲ್ಲ. ಮುಂದೆ ರಸ್ತೆಯ ಮೇಲೆ ಕರೀ ಗೆರೆ. ಅದು ಕಣಿವೆಯ ಕಡೆಗೆ ಹೋಗಿತ್ತು, ಗೋಡೆಯ ಬುಡದವರೆಗೂ ಹೋಗಿತ್ತು, ಆಮೇಲೆ ಈ ಕಡೆಗೆ ಹೊರಳಿತ್ತು.

ಪಿಕಪ್ಪು ಬೆಟ್ಟದ ಬದಿಯ ಮಣ್ಣುದಿಣ್ಣೆಗೆ ಮೂತಿ ಊರಿ ನಿಂತಿತ್ತು. ಚಕ್ರಗಳಿಂದ ಹೊಗೆ. ಡ್ರೈವರ್ ಸೀಟಿನಲ್ಲಿ ಯಾರೂ ಇಲ್ಲ. ಬಾಗಿಲು ತೆರೆದೇ ಇತ್ತು.

ಸ್ಕೂಟರನ್ನು ಎಲ್ಲಿ ಬಿಟ್ಟೆನೋ ನೆನಪಿಲ್ಲ. ಸುತ್ತಿ ಹಿಂದಕ್ಕೆ ಹೋದರೆ ಅವನು ಮಂಡಿಯೂರಿ ಹಿಂದಿನ ಟೈರಿಗೆ ಕಲ್ಲು ಕೊಡುತ್ತಿದ್ದ.

"ಎಲ್ಲಿ ಹೋಗಿದ್ದೆ ನೀನು?" ಎಂದೆ. ಎಂಟು ತಿಂಗಳ 'ನೀವು' ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಇಲ್ಲೇ ಇದೀನಿ," ಎಂದ. ಇನ್ನೊಂದು ಕಲ್ಲಿಗೆ ಕೈ ಚಾಚಿದ. "ಅದನ್ನ ಇತ್ತ ಕೊಡು. ಗಾಡಿ ಜಾರುತ್ತೆ."

ಯಾವಾಗಲೂ ಇಳಿಯುವ ಮೂರನೇ ಗೇರಿನಲ್ಲೇ ಇಳಿಯುತ್ತಿದ್ದನಂತೆ. ಗಾಡಿ ನಿಲ್ಲದೆ ಜಾರತೊಡಗಿತಂತೆ. ಬ್ರೇಕು ಒತ್ತಿ ಒತ್ತಿ ಕಾದು, ಕೊನೆಗೆ ಪೆಡಲು ನೆಲಕ್ಕೆ ತಾಗಿದರೂ ಏನೂ ಹಿಡಿಯಲಿಲ್ಲ. ಎರಡನೇ ಗೇರು ಆ ವೇಗಕ್ಕೆ ಬೀಳಲಿಲ್ಲ. ಗೋಡೆ ಎದುರಿಗೆ ಬಂದಾಗ ಸ್ಟಿಯರಿಂಗ್ ಯಾರು ಹೊರಳಿಸಿದರೋ, ನಾನಂತೂ ಅಲ್ಲ ಎಂದ.

ನಾನು ಅವನ ಎದುರಿಗೆ ಕೂತೆ. ಹೇಳಲೇಬೇಕಿತ್ತು. ವಾದದಲ್ಲಿ ಗೆಲ್ಲುವ ಆಸೆಯಿಂದ ಅಪ್ಪನ ಮಾತು ಮೀರಿದೆ ಎಂದು ಹೇಳಿಬಿಡಬಹುದಿತ್ತು, ಆದರೆ ಅದು ನಿಜವಲ್ಲ.

"ನಾನು ರೋಡ್ ನೋಡಿ ಹಲ್ಲು ಆರಿಸ್ಲಿಲ್ಲ," ಎಂದೆ. "ನೀನು ಅರ್ಧ ಗಂಟೆ ಕೂತ್ಕೋತೀನಿ ಅಂದೆಯಲ್ಲ, ಅದನ್ನ ನೋಡಿ ಆರಿಸ್ದೆ."

ಅವನು ಟೈರಿನ ಕೆಳಗಿನ ಕಲ್ಲನ್ನು ಇನ್ನೊಮ್ಮೆ ಒತ್ತಿದ.

"ಖಾಲಿ ಸಿಲಿಂಡರ್ ಎಷ್ಟು ಭಾರ ಅಂತ ನಂಗೆ ಗೊತ್ತಿರ್ಲಿಲ್ವಾ? ದಿನಾ ಎತ್ತೋನು ನಾನು. ಹೇಳಿದ್ರೆ ನೀನು ಒಂಬತ್ತೇ ಹಾಕ್ತಿದ್ದೆ. ಅದಕ್ಕೇ ಹೇಳ್ಲಿಲ್ಲ."

ಇಬ್ಬರು ಬುದ್ಧಿವಂತರು ಸೇರಿ ಒಂದು ಗಾಡಿಯನ್ನು ಕಣಿವೆಯ ಬಾಯಿಗೆ ಕೊಟ್ಟಿದ್ದೆವು. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅಳು. ಅವನು ಕರ್ಚೀಫು ಕೊಡಲು ಜೇಬಿಗೆ ಕೈ ಹಾಕಿದ, ಬಂದದ್ದು ಬರೀ ಕೀಲಿಗೊಂಚಲು. ಅದನ್ನೇ ಕೊಟ್ಟ. ಅದನ್ನೇ ಹಿಡಿದುಕೊಂಡು ಅತ್ತೆ.

ಆದರೆ ಕೆಳಗೆ ಇನ್ನೂ ಏಳು ಕಿಲೋಮೀಟರ್ ಇತ್ತು, ಗಾಡಿ ಹೀಗೆ ತಿರುವಿನಲ್ಲೇ ನಿಂತರೆ ಇನ್ನೊಬ್ಬರ ಜೀವಕ್ಕೆ ಕುತ್ತು. ಬ್ರೇಕು ಆರುವವರೆಗೆ ಭಾರ ಇಳಿಸೋಣ ಎಂದೆ. ಸ್ಟೆಪ್ನಿಯನ್ನು ನೆಲಕ್ಕೆ ಹಾಕಿ ಅದರ ಮೇಲೆ ಒಂದೊಂದೇ ಸಿಲಿಂಡರನ್ನು ಇಳಿಸಿದೆವು. ಅವನು ತಲೆ, ನಾನು ಬುಡ. ಹದಿನಾಲ್ಕನ್ನು ಉರುಳಿಸಿಕೊಂಡು ಹೋಗಿ ದಿಣ್ಣೆಯ ಬದಿಯ ಚರಂಡಿಯಲ್ಲಿ ಮಲಗಿಸಿ ಕಲ್ಲು ಒತ್ತಿದೆವು. ಪ್ರತಿಯೊಂದೂ ನನ್ನ ತೋಳಿಗೆ ತನ್ನ ತೂಕ ಹೇಳಿ ಹೋಯಿತು. ಏಳನೆಯದಕ್ಕೆ ಅವನ ಕೈ ನನ್ನ ಕೈಯ ಮೇಲೆ ಬಿತ್ತು. ಬೇಕೆಂದೇ ಇಟ್ಟದ್ದಲ್ಲ. ತೆಗೆಯುವುದಕ್ಕೆ ಮಾತ್ರ ಇಬ್ಬರೂ ತಡ ಮಾಡಿದೆವು.

ಸ್ಕೂಟರಿಗೆ ಬೀಗ ಹಾಕಿ ನಾನು ಪಕ್ಕದ ಸೀಟು ಹತ್ತಲು ಹೋದಾಗ ಅವನು ಬಾಗಿಲು ಹಿಡಿದುಕೊಂಡ.

"ನೀನು ಬರ್ಬೇಡ. ಸ್ಕೂಟರಲ್ಲಿ ಹಿಂದೆ ಬಾ."

"ಆ ಹಲ್ಲು ಕೂರಿಸ್ದೋಳು ನಾನು. ಬಾಗಿಲು ಬಿಡು."

ಮೊದಲನೇ ಗೇರಿಗೆ ಹಾಕಿ, ಆಕ್ಸಲೇಟರಿನಿಂದ ಕಾಲು ತೆಗೆದು, ನಡೆದುಕೊಂಡು ಹೋಗುವವರ ವೇಗದಲ್ಲಿ ಇಳಿಯತೊಡಗಿದೆವು. ಎಂಜಿನ್ ಕಿರುಚುತ್ತಿತ್ತು, ಆದರೂ ಹಿಡಿದುಕೊಂಡಿತ್ತು. ತಿರುವು ಬಂದಾಗಲೆಲ್ಲ ಅವನು ಬ್ರೇಕನ್ನು ಒಂದು ಸಲ ಮುಟ್ಟಿ ಬಿಡುತ್ತಿದ್ದ, ನಾನು ನನ್ನ ಕಡೆಯ ನೆಲವನ್ನು ಕಾಲಿನಿಂದ ಒತ್ತುತ್ತಿದ್ದೆ. ಹಿಂದೆ ಉಳಿದ ಎಂಟು ಸಿಲಿಂಡರ್‌ಗಳು ಒಂದಕ್ಕೊಂದು ತಾಗಿ ಟಣ್ ಅಂದರೆ ಇಬ್ಬರೂ ಕನ್ನಡಿ ನೋಡುತ್ತಿದ್ದೆವು. ಒಂದು ಕಡೆ ಅವನು ಏನೋ ಹೇಳಲು ಬಾಯಿ ತೆರೆದ. ಈಗ ಬೇಡ, ತಿರುವು ಮುಗಿಯಲಿ ಎಂದೆ. ಆ ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ಬಂತು.

ಕೊನೆಯ ತಿರುವು ದಾಟಿ ಸಮತಟ್ಟು ಸಿಕ್ಕಿತು. ಗಾಡಿ ಮಾತ್ರ ಹಾಗೇ ತೆವಳುತ್ತಿತ್ತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು.

"ಇಳಿಜಾರು ಮುಗೀತು. ಗೇರ್ ಬದಲಾಯ್ಸು," ಎಂದೆ.

"ಗೊತ್ತು. ಕೈ ಬರ್ತಿಲ್ಲ."

ಗೇರಿನ ಮೇಲಿದ್ದ ಅವನ ಕೈಯ ಮೇಲೆ ನನ್ನ ಕೈ ಇಟ್ಟೆ. ಅದು ತಣ್ಣಗಿತ್ತು. ಅವನು ಕ್ಲಚ್ ಒತ್ತಿದ, ಇಬ್ಬರೂ ಸೇರಿ ಎರಡಕ್ಕೆ ಎಳೆದೆವು. ಎಂಜಿನ್ ಸುಮ್ಮನಾಯಿತು.

"ನಾಳೆ ಒಂಬತ್ತು ಹಾಕ್ತೀನಿ," ಎಂದೆ. "ಹೈವೇಲಿ ನಿಧಾನಕ್ಕೆ ಬಾ."

"ಹಾಗಾದ್ರೆ ಕೂರೋಕೆ ಹೊತ್ತು ಉಳಿಯಲ್ಲ."

"ಉಳಿಸೋದು ಬೇಡ. ಹೊತ್ತಾದ್ರೆ ಇಲ್ಲೇ ಇರು."

"ಇಲ್ಲೇ ಅಂದ್ರೆ?"

ಬೆಟ್ಟ ಇಳಿಯುವಾಗ ಆಗದಷ್ಟು ಭಯ ನನಗೆ ಆಗ ಆಯಿತು.

"ನಮ್ಮನೇಲಿ," ಎಂದೆ. "ದಿನಾ. ನೀನು ಬೆಟ್ಟದ ಮೇಲಿರೋ ಅಷ್ಟು ಹೊತ್ತೂ ನಂಗೆ ಹೆದರಿಕೆ ಆಗುತ್ತೆ. ಒಂಬತ್ತು ಹಾಕಿದ್ರೂ ಆಗುತ್ತೆ. ಅದನ್ನ ಹಿಡಿಯೋ ಹಲ್ಲು ಯಾವುದೂ ಇಲ್ಲ. ಇಳಿದು ಮನೆಗೆ ಬಂದ್ರೆ ಅಷ್ಟೇ ಹೋಗೋದು."

ಅವನು ರಸ್ತೆ ನೋಡುತ್ತಲೇ ತಲೆಯಾಡಿಸಿದ. ಒಂದು ಸಲ, ಆಮೇಲೆ ನನಗೆ ಕಾಣಿಸಿತೋ ಇಲ್ಲವೋ ಎಂದು ಇನ್ನೊಂದು ಸಲ. ದಿನಾ ಬರ್ತೀನಿ ಎಂದ.

ದೂರದಲ್ಲಿ ಗ್ಯಾರೇಜು ಕಂಡಿತು. ಅಪ್ಪ ಬೆಂಚು ಬಿಟ್ಟು ರಸ್ತೆಯ ನಡುವೆಯೇ ಬಂದು ನಿಂತಿದ್ದ, ಹಣೆಗೆ ಕೈ ಅಡ್ಡ ಹಿಡಿದು ಇತ್ತಲೇ ನೋಡುತ್ತಿದ್ದ. ಗಾಜಿನಿಂದ ಒಳಗಿನದೆಲ್ಲ ಕಾಣುವಷ್ಟು ಹತ್ತಿರ ಬಂದೆವು. ಅವನ ಕೈಯ ಮೇಲಿನ ಕೈ ತೆಗೆಯಬೇಕು ಅನ್ನಿಸಿತು. ತೆಗೆಯಲಿಲ್ಲ.