ನಾನು ಕಟ್ಟಿದ ಇಮಾಮ್ ಜಾಮಿನ್

ನಮ್ಮ ಅಬ್ಬಾ ನಬೀಸಾಬ್ ಬಸವಕಲ್ಯಾಣದಲ್ಲಿ ಮುರಿದ ಎಲುಬು, ತಪ್ಪಿದ ಕೀಲು ಕೂಡಿಸುತ್ತಿದ್ದರು. ಅವರಿಗೆ ಕೈಯಲ್ಲಿ ಕೆಲಸ, ನನಗೆ ಬಾಯಲ್ಲಿ. ಕೀಲು ತಪ್ಪಿದವನ ಎದುರು ಕೂತು ನಾನು ಏನಾದರೂ ಕೇಳಬೇಕು. ಅವನು ಉತ್ತರಕ್ಕೆ ಬಾಯಿ ತೆರೆದ ಗಳಿಗೆಯಲ್ಲಿ ಅಬ್ಬಾ ಜಗ್ಗಿಬಿಡುತ್ತಿದ್ದರು. ಅಂಜಿ ಬಿಗಿಹಿಡಿದ ಮೈಯಲ್ಲಿ ಕೀಲು ಕೂಡುವುದಿಲ್ಲ.

೧೯೯೮ರ ಚಳಿಗಾಲದ ಒಂದು ಮುಂಜಾನೆ ಸರ್ಫರಾಜ್ ಬಂದ. ಹೆಗಲು ತಪ್ಪಿ ಎಡಗೈ ಜೋತುಬಿದ್ದಿತ್ತು, ತುಟಿ ಒಡೆದಿತ್ತು. ಇಪ್ಪತ್ತಮೂರರ ಹುಡುಗ, ನೋವು ತನ್ನದಲ್ಲವೇನೋ ಎಂಬಂತೆ ಕಟ್ಟೆಯ ಮೇಲೆ ಕೂತ.

"ಯಾವೂರ್ರಿ?" ಎಂದೆ.

"ಮೋರಖಂಡಿ."

"ಮುಂಜಾನೆ ಏನು ತಿಂದು ಬಂದ್ರಿ?"

ಅವನು ನನ್ನನ್ನೇ ನೋಡಿದ. "ಪೆಟ್ಟು."

ನಾನು ನಕ್ಕುಬಿಟ್ಟೆ. ಕೆಲಸ ಮರೆತು ಹೋಯಿತು. ಅಬ್ಬಾ ಗದರಿದರು, "ವಹೀದಾ, ನಗಬ್ಯಾಡ, ಕೇಳು!"

ಏನು ಕೇಳಬೇಕೋ ತಿಳಿಯದೆ, "ಶಾದಿ ಆಗ್ಯಾದೇನ್ರಿ?" ಎಂದೆ.

ಅವನು ಬಾಯಿ ತೆರೆದ. ಅಬ್ಬಾ ಜಗ್ಗಿದರು. ಲಟಕ್ ಎಂದಿತು. ಅವನ ಕಣ್ಣಲ್ಲಿ ನೀರು ಬಂತು, ಆದರೂ ತುಟಿಯ ಮೂಲೆಯಲ್ಲಿ ನಗು. "ಇನ್ನೂ ಇಲ್ಲ," ಎಂದ. "ನಿಮ್ದು?"

ಎಂಟು ದಿನ ಬಿಟ್ಟು ಮತ್ತೆ ಬಂದ. ಮೈಮೇಲೆ ಒಂದು ಗೀರೂ ಇಲ್ಲ.

"ಇವತ್ತೇನು ಮುರ್ಕೊಂಡ್ರಿ?"

"ಏನಿಲ್ರಿ. ಮುರಿಯೂಕಿಂತ ಮೊದಲ ಒಮ್ಮೆ ತೋರ್ಸೂಣು ಅಂತ."

ಇಂಥವನ ಮೇಲೆ ಸಿಟ್ಟು ಎಲ್ಲಿಂದ ತರಲಿ? ನಾನು ತರಲಿಲ್ಲ. ಪ್ರೀತಿ ತಂದುಕೊಂಡೆ, ಅದೂ ಕಂಡು ಕಂಡು.

ಯಾಕೆಂದರೆ ಅವನು ಏನು ಮಾಡುತ್ತಾನೆಂದು ನನಗೆ ಗೊತ್ತಿತ್ತು. ಹುಮನಾಬಾದಿನ ಹೈವೇ ಮೇಲೆ ಲಾರಿ ನಿಲ್ಲುವ ಜಾಗವೆಲ್ಲ ಲಾಲ್ ಅಹ್ಮದ್ ಎಂಬವನ ಕೈಯಲ್ಲಿತ್ತು. ಆ ಜಾಗಕ್ಕೆ ಬೇರೆ ಗ್ಯಾಂಗ್ ಬಾಯಿ ಹಾಕಿದರೆ ಎರಡೂ ಕಡೆಯಿಂದ ಒಬ್ಬೊಬ್ಬನನ್ನು ಮನ್ನಾಏಖೇಳ್ಳಿ ಹತ್ತಿರದ ಇಟ್ಟಂಗಿ ಭಟ್ಟಿಯಲ್ಲಿ ಹೊಡೆದಾಟಕ್ಕೆ ಇಳಿಸುತ್ತಿದ್ದರು. ಒಬ್ಬ ಏಳಲಾರದಷ್ಟು ಬಿದ್ದಾಗಲೇ ಅದು ಮುಗಿಯುವುದು, ಗೆದ್ದವನ ಗ್ಯಾಂಗಿಗೆ ಜಾಗ. ತಾಯಿ ತಂದೆ ಇಲ್ಲದ ಸರ್ಫರಾಜನನ್ನು ಲಾಲ್ ಅಹ್ಮದ್ ತನ್ನ ತಾಲೀಮಿನಲ್ಲಿ, ಎಂದರೆ ಗರಡಿಯಲ್ಲಿ, ಸಾಕಿದ್ದೇ ಇದಕ್ಕೆ. ಆರು ಸಲ ಇಳಿದಿದ್ದ, ಆರೂ ಸಲ ಎದ್ದು ಬಂದಿದ್ದ.

ಮರುವರ್ಷ ಮೂರನೆಯ ಸಲ ಅದೇ ಹೆಗಲು ತಪ್ಪಿತು. ಕೂಡಿಸಿದ ಮೇಲೆ ಅಬ್ಬಾ ಕೈ ತೊಳೆಯುತ್ತಾ ಹೇಳಿದರು, "ಬೇಟಾ, ಈ ಕೀಲಿನಾಗ ಇನ್ನ ಹಿಡಿತ ಇಲ್ಲ. ಕೈ ಜೋರಾಗಿ ಎತ್ತಿದ್ರ ತಾನೇ ಕಳಚ್ತದ. ಹೊಡೆದಾಟ ಬಿಡು, ಇಲ್ಲ ಜೀವ ಬಿಡ್ತಿ."

ಅವನನ್ನು ಓಣಿಯ ತಿರುವಿನಲ್ಲಿ ಹಿಡಿದೆ. "ಮುಂದಿಂದು ಯಾವಾಗ?"

"ಬರೂ ಶುಕ್ರವಾರ."

"ಇಳೀಬ್ಯಾಡ."

"ಇಳೀಲಿಲ್ಲ ಅಂದ್ರ ಲಾಲ್ ಅಹ್ಮದ್ ಬಿಡಾಂಗಿಲ್ಲ, ವಹೀದಾ. ಹಿಂದೊಬ್ಬ ಬಿಟ್ಟು ಹೋಗಾಕ ನೋಡಿದ. ಮನಿಯವ್ರಿಗೆ ಬರೀ ಚಪ್ಪಲ್ ಸಿಕ್ಕಾವ."

"ಅಂದ್ರ ಇಳಿದ್ರೂ ಸಾವು, ಇಳೀದಿದ್ರೂ ಸಾವು. ಹಂಗಾದ್ರ ಓಡೂಣು ನಡಿ."

"ನೀನೂ ಬರ್ತೀ?"

"ಮತ್ತ? ನಿನ್ನೊಬ್ಬನ್ನ ಕಳ್ಸಿದ್ರ ದಾರ್ಯಾಗೇ ಯಾರ ಜೊತಿಗಾದ್ರೂ ಜಗಳ ತೆಗೀತಿ."

ಅವನು ನಕ್ಕ. ನನ್ನ ಕಿವಿಯ ಮುಂದೆ ಬಿದ್ದ ಕೂದಲನ್ನು ಒಂದು ಬೆರಳಿನಿಂದ ಹಿಂದೆ ಸರಿಸಿದ. ಅಷ್ಟೇ ಮಾಡಿದ್ದು.

ಗುರುವಾರ ಹನ್ನೊಂದರ ಸೋಲಾಪುರ ಬಸ್ಸಿಗೆ ಹುಮನಾಬಾದಿನಿಂದ ಹತ್ತುವುದು, ಅಲ್ಲಿಂದ ರೈಲಿನಲ್ಲಿ ಮುಂಬೈ ಕಡೆ ನನ್ನ ಚಿಕ್ಕಮ್ಮ ಅಸ್ಗರಿ ಖಾಲಾನ ಮನೆಗೆ. ನಾನು ಬಸವಕಲ್ಯಾಣದಿಂದ ಬಂದು ಬಸ್ ಸ್ಟ್ಯಾಂಡಿನಲ್ಲಿ ಕಾಯಬೇಕು. ಅವನು ಯಾರಿಗೂ ಸಂಶಯ ಬರದಂತೆ ಬೆಳಿಗ್ಗೆ ತಾಲೀಮು ಮುಗಿಸಿಯೇ ಬರಬೇಕು.

ಬುಧವಾರ ಅವನನ್ನು ಕರೆದು ಬಲತೋಳಿಗೆ ಇಮಾಮ್ ಜಾಮಿನ್ ಕಟ್ಟಿದೆ. ನಮ್ಮಲ್ಲಿ ದೂರ ಪಯಣ ಹೊರಟವರಿಗೆ ಹಸಿರು ಬಟ್ಟೆಯಲ್ಲಿ ನಾಣ್ಯವಿಟ್ಟು ಕಟ್ಟುತ್ತಾರೆ. ಊರು ಮುಟ್ಟಿದ ಮೇಲೆ ಬಿಚ್ಚಿ ನಾಣ್ಯವನ್ನು ಬಡವರಿಗೆ ಕೊಡುತ್ತಾರೆ. ದಾರಿಯುದ್ದಕ್ಕೂ ಅದು ಕಾಯುತ್ತದೆ ಎಂದು ನಂಬಿಕೆ.

"ಸಡ್ಲ ಕಟ್ಟು. ತೋಳದು, ಗೂಟ ಅಲ್ಲ."

"ಸುಮ್ನಿರು. ಮುಂಬೈ ಮುಟ್ಟೂ ತನಕ ಬಿಚ್ಚಬ್ಯಾಡ. ಕಸಮ್ ಹಾಕು."

"ನಿನ್ನ ಕಸಮ್," ಎಂದ.

ಬಸ್ಸಿನಲ್ಲಿ ಕೂತ ಮೇಲೆ ಕಟ್ಟಿದ್ದರೆ ಏನಾಗುತ್ತಿತ್ತು? ಆದರೆ ಮನೆ ಬಿಡುವ ಮೊದಲೇ ಕಟ್ಟಬೇಕೆಂದು ಸತ್ತುಹೋದ ನಮ್ಮ ಅಮ್ಮಿ ಕಲಿಸಿದ್ದಳು. ಕಲಿತದ್ದನ್ನು ಮಾಡಿದೆ. ಬೆಂಕಿ ಹಚ್ಚಲಿ ನನ್ನ ಕೈಗೆ!

ಗುರುವಾರ ಹತ್ತೂವರೆಗೆ ನಾನು ಸ್ಟ್ಯಾಂಡಿನಲ್ಲಿದ್ದೆ. ಬುರ್ಖಾದೊಳಗೆ ಒಂದು ಜೊತೆ ಬಟ್ಟೆಯ ಗಂಟು. ಸೋಲಾಪುರ ಬಸ್ ಬಂದು ನಿಂತಿತು. ಸರ್ಫರಾಜನೂ ಬಂದ. ಅವನ ಹಿಂದೆ ಇಬ್ಬರು ಬಂದರು.

"ನೀ ವಾಪಸ್ ಬಸವಕಲ್ಯಾಣ ಬಸ್ ಹತ್ತು," ಎಂದ. "ನಾ ಸಂಜೀಕ ಬಂದು ಮಾತಾಡ್ತೀನಿ."

"ಅವ್ರ್ಯಾರು?"

"ದೋಸ್ತರು."

"ದೋಸ್ತರು ಟೊಂಕದಾಗ ಚಾಕು ಇಟ್ಕೊಂಡು ಬರ್ತಾರೇನು? ಖರೇ ಹೇಳು."

ಅವನು ನೆಲ ನೋಡುತ್ತಾ ಹೇಳಿದ. ಬೆಳಿಗ್ಗೆ ತಾಲೀಮಿನಲ್ಲಿ ಎಣ್ಣೆ ಮಾಲೀಶಿಗೆಂದು ಅಂಗಿ ತೆಗೆದಿದ್ದ. ತೋಳಿನ ಹಸಿರು ಎಲ್ಲರಿಗೂ ಕಂಡಿತ್ತು. ಲಾಲ್ ಅಹ್ಮದ್ ಹತ್ತಿರ ಬಂದು, ಗಂಟನ್ನು ಬೆರಳಿನಿಂದ ಮುಟ್ಟಿ, "ಎಲ್ಲಿಗೆ ಪಯಣ ಬೇಟಾ?" ಎಂದನಂತೆ. ಇವನು ನಮ್ಮ ಮನೆಗೆ ಬಂದುಹೋಗುವುದು ಅವನಿಗೆ ಗೊತ್ತೇ ಇತ್ತು; ನನ್ನನ್ನು ವಾಪಸ್ ಕಳಿಸಿ ಬಾ ಎಂದು ಈ ಇಬ್ಬರ ಕಾವಲಲ್ಲಿ ಬಿಟ್ಟಿದ್ದ.

"ಅಂಗಿ ತೆಗಿಯೂ ಮೊದಲ ಅದನ್ನ ಬಿಚ್ಚಿ ಕಿಸೇದಾಗ ಇಟ್ಕೋಬೇಕಿಲ್ಲೇನೋ, ಹುಚ್ಚ?"

"ನೀನೇ ಕಸಮ್ ಹಾಕ್ಸಿದ್ದಿ."

ಎಷ್ಟು ಸಲೀಸಾಗಿ ಹೇಳಿದ! ಅಷ್ಟು ಜನರನ್ನು ಕೆಡವಿದವನಿಗೆ ನನ್ನ ಒಂದು ಮಾತು ಮುರಿಯಲು ಬರಲಿಲ್ಲ. ನಾನೇ ಕೊಂದೆ ಅವನನ್ನು.

"ಶುಕ್ರವಾರದ್ದು ಇವತ್ತಿಗೇ ಇಟ್ಟಾರ. ಮಧ್ಯಾಹ್ನ ಜೋಹರ್ ನಮಾಜ್ ಆದ ಮ್ಯಾಗ," ಎಂದ.

"ಬಸ್ಸು ಎದುರಿಗೇ ಅದ, ಸರ್ಫರಾಜ್. ಓಡಿ ಹತ್ತೂಣು."

"ನಿಮ್ಮ ಅಬ್ಬಾನ ಬಾಗ್ಲ ಮುಂದ ಅವ್ರ ಜೀಪ್ ನಿಂತದ. ನಾ ಬಸ್ ಹತ್ತಿದ್ರ ಅಬ್ಬಾನ ಎರಡೂ ಕೈ ಜಜ್ಜಿ ಹಾಕ್ತಾರ. ಆ ಕೈ ನನ್ನ ಮೂರು ಸಲ ಕೂಡ್ಸ್ಯಾವ, ವಹೀದಾ."

ಕಂಡಕ್ಟರ್ ಸೀಟಿ ಊದಿದ. ಸೋಲಾಪುರ ಬಸ್ಸು ಧೂಳೆಬ್ಬಿಸಿ ಹೊರಟುಹೋಯಿತು. ನಾವಿಬ್ಬರೂ ನಿಂತು ನೋಡಿದೆವು.

"ನನ್ನ ಜೊತಿ ಶಾದಿ ಮಾಡ್ಕೋ," ಎಂದೆ.

"ಏನಂದಿ?"

"ಈಗ. ಇಲ್ಲೇ."

"ತಲಿ ಕೆಟ್ಟದೇನು? ಸಂಜೀಕ ಗಂಡ ಸತ್ತ ಬೇವಾ ಆಗ್ತಿ."

"ಆಗ್ತೀನಿ. ಇಲ್ಲಾಂದ್ರ ನಾ ಏನಂತ ಅಳಲಿ? ಯಾವನೋ ಗೂಂಡಾ ಸತ್ತ, ನಬೀಸಾಬನ ಮಗಳಿಗೇನಾಯ್ತು ಅಂತಾರ ಮಂದಿ. ಬಾಗ್ಲ ಹಾಕ್ಕೊಂಡು ಬಾಯಾಗ ಓಢ್ನಿ ತುರ್ಕಿ ಅಳೂ ಹೆಣ್ಣಲ್ಲ ನಾ. ನಿನ್ನ ಸಲುವಾಗಿ ಅಳೂ ಹಕ್ಕು ನನಗ ಕೊಟ್ಟು ಹೋಗು."

ಭಟ್ಟಿಯಲ್ಲಿ ಎಂದೂ ಅಳದವನು ಅಲ್ಲಿ, ಶೇಂಗಾ ಮಾರುವವರ ನಡುವೆ, ಅತ್ತ.

ನಾನು ಆ ಇಬ್ಬರ ಮುಂದೆ ಹೋಗಿ ನಿಂತೆ. "ನಮ್ಮ ನಿಕಾಹ್‌ಗೆ ಗವಾಹ್ ಆಗ್ರಿ, ಸಾಕ್ಷಿ ನಿಲ್ರಿ."

ಗಡ್ಡದವನ ಹೆಸರು ಮಹೆಬೂಬ. ಅವನು ತೊದಲಿದ, "ಖಾಜಿ ಬೇಕಲ್ಲ ಬೇಟಿ?"

"ಖಾಜಿ ಬೇಕಾಗೂದು ಬರಿಯೂದಕ್ಕ. ನಿಕಾಹ್‌ಗೆ ಇಬ್ರು ಗವಾಹ್ ಸಾಕು. ನೀವು ಮುಸಲ್ಮಾನರೋ, ಲಾಲ್ ಅಹ್ಮದನ ನಾಯಿಗಳೋ? ಈಗ ಹೇಳಿಬಿಡ್ರಿ."

ಮಹೆಬೂಬ ಜೇಬಿನಿಂದ ಕರವಸ್ತ್ರ ತೆಗೆದು ತಲೆಗೆ ಕಟ್ಟಿಕೊಂಡ. ಇನ್ನೊಬ್ಬನಿಗೂ ಕಣ್ಸನ್ನೆ ಮಾಡಿದ. "ಹೆಣ್ಣಿಗೆ ಮಹರ್ ಏನು ಕೊಡ್ತಿ?" ಎಂದು ಸರ್ಫರಾಜನನ್ನು ಕೇಳಿದ.

ಅವನು ಕೈಗಡಿಯಾರ ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. ಅದಿನ್ನೂ ಬೆಚ್ಚಗಿತ್ತು.

ನಾನು ಮೂರು ಸಲ ಕಬೂಲ್ ಎಂದೆ. ಅವನೂ ಎಂದ. ಮೂರನೆಯ ಸಲ ದನಿ ಹೊರಡಲಿಲ್ಲ. "ಕೇಳಲಿಲ್ಲ, ಜೋರ್ ಅನ್ನು," ಎಂದ ಮಹೆಬೂಬ. ಸರ್ಫರಾಜ್ ಸ್ಟ್ಯಾಂಡೆಲ್ಲ ತಿರುಗಿ ನೋಡುವಂತೆ ಕೂಗಿದ, "ಕಬೂಲ್!"

"ನಗು ಒಮ್ಮಿ," ಎಂದ ನನಗೆ. ನಾನು ನಕ್ಕೆ. ಹೇಗೆ ನಕ್ಕೆನೋ ಅಲ್ಲಾನಿಗೇ ಗೊತ್ತು. ಕಲ್ಯಾಣ ಬಸ್ಸಿನ ಕಿಟಕಿಯಿಂದ ನೋಡಿದಾಗ ಅವನು ಇಬ್ಬರ ನಡುವೆ ನಡೆದು ಹೋಗುತ್ತಿದ್ದ, ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು.

ಸಂಜೆ ಅಸರ್ ನಮಾಜಿನ ಹೊತ್ತಿಗೆ ಸುದ್ದಿ ಬಂತು. ಹೊಡೆದಾಟ ಶುರುವಾಗುತ್ತಲೇ ಹೆಗಲು ಕಳಚಿತಂತೆ, ಬಿದ್ದವನು ಮತ್ತೆ ಏಳಲೇ ಇಲ್ಲವಂತೆ. ನಾನು ಹೊಸ್ತಿಲಿಗೆ ಕೈ ಬಡಿದು ಬಳೆ ಒಡೆದುಕೊಂಡೆ. ಅಬ್ಬಾ ಓಡಿ ಬಂದರು. "ಏನಿದು ವಹೀದಾ? ಅವ ನಿನಗ ಏನಾಗ್ಬೇಕು?"

"ಶೋಹರ್," ಎಂದೆ.

ಓಣಿಯ ಹೆಂಗಸರು ನಂಬಲಿಲ್ಲ. ಮರ್ಯಾದೆ ಮುಚ್ಚಿಕೊಳ್ಳಲು ನಿಕಾಹ್‌ನ ಕಥೆ ಕಟ್ಟುತ್ತಾಳೆ ಎಂದರು. ಅಬ್ಬಾ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮೂರನೆಯ ದಿನ ನಡುಮಧ್ಯಾಹ್ನ ಮಹೆಬೂಬ ಒಬ್ಬನೇ ಬಂದ. ಲಾಲ್ ಅಹ್ಮದನಿಗೆ ಗೊತ್ತಾದರೆ ತನ್ನ ಗತಿ ಏನೆಂದು ಅವನಿಗೆ ತಿಳಿದಿತ್ತು. ಆದರೂ ನಮ್ಮ ಬಾಗಿಲ ಮುಂದೆ ನಿಂತು, ಓಣಿಯ ಮಂದಿಯ ಎದುರು ಹೇಳಿದ, "ನಬೀಸಾಬ್, ನಾ ಗವಾಹ್ ಇದ್ದೀನಿ. ಇಕಿ ಸರ್ಫರಾಜನ ಹೆಂಡ್ತಿ. ಅವ ಕಬೂಲ್ ಅಂದದ್ದು ನನ್ನ ಕಿವೀಲೆ ಕೇಳೀನಿ."

ಅಬ್ಬಾ ನನ್ನ ತಲೆಯ ಮೇಲೆ ಕೈ ಇಟ್ಟರು. ಬಾಗಿಲು ತೆರೆದೇ ಇತ್ತು. ಓಣಿಗೆಲ್ಲ ಕೇಳುವ ಹಾಗೆ, ಅವನ ಹೆಸರು ಹಿಡಿದು, ನಾನು ಅತ್ತುಬಿಟ್ಟೆ.